ಇನ್ನೂ ಹುಟ್ಟದ ರಸ್ತೆಗಳಲ್ಲಿ ಮಾವನ ಸವಾರಿ

ನಮ್ಮ ಸೋದರಮಾವ ಜೀವಮಾನದಲ್ಲಿ ಒಮ್ಮೆಯೂ ದಾರಿ ತಪ್ಪಿದವನಲ್ಲ. ಅವನು ಹೋದ ಕಡೆಗೆ ದಾರಿ ಇನ್ನೂ ಬಂದಿರುತ್ತಿರಲಿಲ್ಲ, ಅಷ್ಟೆ! ಅದಕ್ಕೆ ಅವನನ್ನು ದೂರಿದರೆ ಹೇಗೆ?

ಮಾವ ಬಡಾವಣೆಗಳ ನಕ್ಷೆ ಬರೆಯುವ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ನಾನು ಹೇಳುತ್ತಿರುವುದು ಅರವತ್ತರ ದಶಕದ ಆರಂಭದ ಮಾತು. ಆಗ ಜಯನಗರ ಅರ್ಧ ನೆಲದ ಮೇಲಿತ್ತು, ಇನ್ನರ್ಧ ಮಾವನ ಮೇಜಿನ ಮೇಲಿತ್ತು. ಈ ಎರಡರ ವ್ಯತ್ಯಾಸ ಊರಿಗೆಲ್ಲ ತಿಳಿದಿತ್ತು, ಮಾವನಿಗೊಬ್ಬನಿಗೆ ತಿಳಿದಿರಲಿಲ್ಲ. ತಾನು ಕಪ್ಪು ಶಾಯಿಯಲ್ಲಿ ಗೆರೆ ಎಳೆದನೆಂದರೆ ರಸ್ತೆ ಆಯಿತೆಂದೇ ಅವನ ತಿಳಿವಳಿಕೆ.

ಸಾಲದ್ದಕ್ಕೆ ಒಂದು ಮೋಟಾರು ಬೈಕು ಬೇರೆ! ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು, ಮೂರು ಕೈ ಬದಲಾಗಿ ಇವನ ಪಾಲಿಗೆ ಬಂದಿತ್ತು. ಒದ್ದರೆ ಸ್ಟಾರ್ಟ್ ಆಗುತ್ತಿರಲಿಲ್ಲ, ಬೈದರೆ ಆಗುತ್ತಿತ್ತು. ಅದು ಗುಡುಗಿದ ಕೂಡಲೇ ನಮ್ಮ ಬಸವನಗುಡಿ ವಠಾರದ ಏಳು ಮನೆಯ ಹೆಂಗಸರೂ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದರು. ಮಾಡಿನಿಂದ ಮಣ್ಣು ಉದುರುತ್ತಿತ್ತಲ್ಲ!

ಆ ವಠಾರದ ಒಂದೂವರೆ ಕೋಣೆಯಲ್ಲಿ ಅಮ್ಮ ಮತ್ತು ನಾನು ಇದ್ದೆವು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ನನಗೆ ಆಗತಾನೇ ಕೆಲಸ ಸಿಕ್ಕಿತ್ತು. ಅಮ್ಮನ ಹೆಸರಿಗೆ ಜಯನಗರದಲ್ಲೊಂದು ಸೈಟು ಮಂಜೂರಾಗಿತ್ತು. ಸೋಮವಾರ ಬೆಳಿಗ್ಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲದಿದ್ದರೆ ಸೈಟು ಇನ್ನೊಬ್ಬರ ಪಾಲು. ಭಾನುವಾರವಾದರೂ ಅಮ್ಮ ಪೆನ್ನು ಮುಟ್ಟಿರಲಿಲ್ಲ.

"ಆ ನರಿ ಕೂಗೋ ಜಾಗದಲ್ಲಿ ಹೇಗಿರೋದೋ? ಇವನು ಕೆಲಸಕ್ಕೆ ಹೋದ್ರೆ ಸಂಜೆವರೆಗೂ ನಾನೊಬ್ಬಳೇ. ನಂಗೆ ದೊಡ್ಡ ಮನೆ ಬೇಡ ಕಣೋ. ಕರೆದ್ರೆ ಓ ಅನ್ನೋರು ಇರಬೇಕು" ಎಂದು ಅವಳು ಮಾವನ ಮೇಲೆ ರೇಗಿದಳು.

ಅವಳ ಹಟಕ್ಕೆ ಕಾರಣವಿತ್ತು. ಅಪ್ಪ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದಾಗ ಅಮ್ಮ ಕೂಗಿದ್ದು ಒಂದೇ ಸಲ. ಏಳು ಮನೆಯವರೂ ಒಲೆ ಮೇಲಿನದನ್ನು ಹಾಗೇ ಬಿಟ್ಟು ಓಡಿ ಬಂದಿದ್ದರು.

"ಸುತ್ತ ಊರಿಗೆ ಊರೇ ಇದೆ ಕಣಕ್ಕಾ! ಎದುರಿಗೇ ಪಾರ್ಕು, ಪಕ್ಕದಲ್ಲೇ ಪೋಸ್ಟ್ ಆಫೀಸು!" ಎಂದ ಮಾವ.

"ನಿನ್ನ ಮಾತು ನಂಬಿ ಕೆಟ್ಟಿದ್ದು ಸಾಕು. ಇವನು ನೋಡ್ಕೊಂಡು ಬಂದು ಹೇಳ್ಲಿ" ಎಂದು ಅಮ್ಮ ನನ್ನನ್ನು ಸಾಕ್ಷಿಯಾಗಿ ಕಳಿಸಿದಳು.

ಹೊರಟೆವಪ್ಪ ಸವಾರಿ! ಮಾವನ ಬೆನ್ನಿಗೆ ನಾನು, ನಮ್ಮ ಹಿಂದೆ ತನ್ನ ಅಣ್ಣನ ಮೋಟಾರು ಬೈಕನ್ನು ಕಾಡಿ ಬೇಡಿ ತಂದಿದ್ದ ಗೆಳೆಯ ಶೀನಿ. ಗಾಂಧಿ ಬಜಾರಿನಲ್ಲಿ ಒಂದೊಂದು ದೋಸೆ, ಮೇಲೊಂದು ಸ್ಟ್ರಾಂಗ್ ಕಾಫಿ. ಲಾಲ್‌ಬಾಗಿನ ಪಕ್ಕದಲ್ಲಿ ಪುಷ್ಯದ ಚಳಿಗಾಳಿ ಮುಖಕ್ಕೆ ರಪ್ಪನೆ ಹೊಡೆಯಿತು. ಅಶೋಕ ಪಿಲ್ಲರ್ ದಾಟುವಾಗ ಶೀನಿ ಎರಡು ಕೈಯನ್ನೂ ಬಿಟ್ಟು ಕೇಕೆ ಹಾಕಿದ. ಹುಟ್ಟಿದ ಊರನ್ನು ಆ ವೇಗದಲ್ಲಿ ನಾನು ಎಂದೂ ನೋಡಿರಲಿಲ್ಲ. ಇಷ್ಟೊಂದು ಆಕಾಶ ನಮ್ಮೂರಿಗೆ ಯಾವಾಗ ಬಂತು ಎಂದು ಆಶ್ಚರ್ಯವಾಯಿತು.

ಟಾರು ಮುಗಿಯಿತು. ಮಾವ ಮುಗಿಸಲಿಲ್ಲ! ಬಟಾಬಯಲಿನಲ್ಲಿ ಠೀವಿಯಿಂದ ಬಲಗೈ ಚಾಚಿ ಸಿಗ್ನಲ್ ಕೊಟ್ಟು ತಿರುಗಿದ. ಯಾರಿಗೆ ಕೊಟ್ಟನೋ, ಅಲ್ಲಿದ್ದದ್ದು ಎರಡು ಕುರಿ. ಮುಂದೆ ಒಂದು ಕಡೆ, ಸುತ್ತಲೂ ಏನೇನೂ ಇಲ್ಲದ ಜಾಗದಲ್ಲಿ, ಗುಂಡಗೆ ಅರ್ಧ ಸುತ್ತು ಹಾಕಿ ಹೋದ. ಶೀನಿ ನೇರವಾಗಿ ಬಂದ.

"ಏ ಶೀನೀ! ಸರ್ಕಲ್ ಮೇಲೇ ಹತ್ತಿಸಿಬಿಟ್ಯಲ್ಲೋ ಅನಾಗರಿಕ!"

"ಯಾವ ಸರ್ಕಲ್ ಮಾವಾ?"

"ನಡುವೆ ಕಾರಂಜಿ ಕಾಣಿಸಲಿಲ್ವೇನೋ?"

ಪಾಪ, ಶೀನಿ ಹಿಂದಕ್ಕೆ ಹೋಗಿ ಮತ್ತೆ ಸುತ್ತು ಹಾಕಿಕೊಂಡು ಬಂದ.

ನಕ್ಷೆಯ ಪ್ರಕಾರ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೋದರೆ ಎದುರಾದದ್ದು ಬನಶಂಕರಿ ದೇವಸ್ಥಾನ. ಸರಿ, ವಾಪಸು ಬಂದೆವು. ಮತ್ತೆ ದೇವಸ್ಥಾನ! ಮೂರನೇ ಸಲ ಹಾದಾಗ ಹೂ ಮಾರುವವಳು ಎದ್ದೇ ನಿಂತಳು. "ಏನ್ ಸಾಮಿ, ಗಾಡೀಲೇ ಪ್ರದಕ್ಷಿಣೆ ಹಾಕ್ತೀನಿ ಅಂತ ಹರಕೆ ಹೊತ್ತಿದ್ದೀರಾ?"

"ಯಾರನ್ನಾದ್ರೂ ದಾರಿ ಕೇಳೋಣ" ಎಂದೆ. ಮಾವನಿಗೆ ಮೈಯೆಲ್ಲ ಉರಿದುಹೋಯಿತು. "ಕೇಳೋದಾ? ಈ ರಸ್ತೆ ಬರೆದೋನೇ ನಾನು ಕಣೋ!" ಎಂದು ಗರ್ಜಿಸಿ, ಹದಿನೆಂಟನೇ ಮೇನ್ ಮೇಲೆ ಗಾಡಿ ನುಗ್ಗಿಸಿದ. ಹದಿನೆಂಟನೇ ಮೇನ್‌ನಲ್ಲಿ ಆಳೆತ್ತರದ ಹಳ್ಳವಿತ್ತು. ನಾನು, ಮಾವ, ಮೋಟಾರು ಬೈಕು, ಮೂವರೂ ಅದರ ತಳದಲ್ಲಿ ಕೂತೆವು. ಮಾವ ಕೆಸರು ಒರೆಸಿಕೊಂಡು, "ಅಳತೆ ಸರಿಯಾಗಿದೆ, ಮೋರಿ ಇಲ್ಲೇ ಬರಬೇಕು" ಎಂದ.

ಅಂತೂ ಸೂರ್ಯ ಪಶ್ಚಿಮಕ್ಕೆ ವಾಲಿದ ಮೇಲೆ ನಮ್ಮ ಸೈಟಿನ ನಂಬರು ಕೊರೆದ ಕಲ್ಲು ಸಿಕ್ಕಿತು. ಪಾರ್ಕು ಇರಬೇಕಾದಲ್ಲಿ ರಾಗಿಯ ಕೂಳೆ. ಪೋಸ್ಟ್ ಆಫೀಸಿನಲ್ಲಿ ಒಂದು ಎಮ್ಮೆ ಮಲಗಿ ಮೆಲುಕು ಹಾಕುತ್ತಿತ್ತು. ಕಣ್ಣು ಹಾಯಿಸಿದಷ್ಟು ದೂರವೂ ಒಂದು ಸೂರಿಲ್ಲ.

"ಮಾವಾ, ಅಮ್ಮನಿಗೆ ಏನಂತ ಹೇಳಲಿ?"

ಮಾವ ನಕ್ಷೆ ನೋಡಿದ, ನೆಲ ನೋಡಿದ. ನನಗೆ ತಿಳಿದಂತೆ ಅವನು ಈ ಎರಡನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು. ಆಮೇಲೆ ಸೈಟಿನ ಮಧ್ಯೆ ಹೋಗಿ ನಿಂತು, ಬಾಯಿಗೆ ಎರಡು ಕೈ ಒಡ್ಡಿ ಕೂಗಿದ.

"ಅಕ್ಕಾ...!"

ಸುಮ್ಮನಿತ್ತು ಬಯಲು. ಶೀನಿಗೆ ನಗು ಬಂತು, ನನಗೆ ಬರಲಿಲ್ಲ. ಮಾವ ಮತ್ತೊಮ್ಮೆ, ಗಂಟಲು ಕಿತ್ತುಹೋಗುವಂತೆ ಕೂಗಿದ.

"ಅಕ್ಕಾ...!"

"ಓ...! ಯಾರಪ್ಪಾ ಅದು?"

ತೊಗರಿ ಗಿಡಗಳ ಮರೆಯಿಂದ ಒಬ್ಬ ಹೆಂಗಸು ಎದ್ದಳು. ಸೆರಗಿನ ತುಂಬ ಅವರೆಕಾಯಿ. ಮಾವ ಓಡಿದ. ಅವನು ಯಾರ ಬಳಿಗೂ ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ.

"ನೀವು ದಿನಾ ಇಲ್ಲೇ ಇರ್ತೀರಾ ಅಮ್ಮಾ?"

"ಇನ್ನೆಲ್ಲಿಗ್ ಹೋಗ್ಲಿ? ಆ ಹುಣಸೆ ಮರದ ಹಿಂದೆ ನಮ್ಮಟ್ಟಿ. ಈ ಹೊಲ ನಮ್ದೇ ಆಗಿತ್ತು. ಲೇಔಟಿಗೆ ಅಂತ ತಕ್ಕಂಡ್ರಲ್ಲ. ಮನೆ ಏಳೋಗಂಟ ಬೆಳೆದಿದ್ದು ಕಿತ್ಕೊಳ್ಳೋಣ ಅಂತ ಬತ್ತೀನಿ. ಯಾಕಪ್ಪಾ, ಬೈಯೋಕ್ ಬಂದ್ಯಾ?"

ದಿನವಿಡೀ ಗೆರೆಗಳ ಮೇಲೆ ದರಬಾರು ನಡೆಸಿದವನಿಗೆ, ಆ ಗೆರೆ ಯಾರ ಅವರೆಗಿಡದ ಮೇಲೆ ಹಾದುಹೋಗಿದೆಯೆಂದು ಆಗ ಹೊಳೆಯಿತು.

"ಇಲ್ಲಮ್ಮಾ... ಈ ಗೆರೆ ಎಳೆದೋನು ನಾನೇ" ಎಂದ. "ಇಲ್ಲಿ ನಮ್ಮಕ್ಕ ಬರ್ಬೇಕು. ಗಂಡ ಇಲ್ಲ. ಹಗಲೆಲ್ಲ ಒಬ್ಬಳೇ ಇರ್ತಾಳೆ. ಕರೆದ್ರೆ ಓ ಅನ್ನೋರು ಬೇಕು ಅಂತಾಳೆ."

ಆಕೆ ಮಾವನನ್ನು ಒಂದು ಗಳಿಗೆ ದಿಟ್ಟಿಸಿದಳು. ಬೈಯುತ್ತಾಳೆಂದುಕೊಂಡೆ, ಬೈಯಲಿ ಎಂದೂ ಅಂದುಕೊಂಡೆ.

"ಎಳ್ದಿದ್ದು ಎಳ್ದೆ, ಹೋಗ್ಲಿ ಬಿಡು. ಬಾವಿ ಆ ಮೂಲೇಲಿ ತೋಡ್ಸು, ಅಲ್ಲೇ ನೀರಿರೋದು. ಅದನ್ನಾದ್ರೂ ಸರ್ಯಾಗಿ ಬರ್ಕೊ" ಎಂದಳು. "ನಿಮ್ಮಕ್ಕನ್ನ ಬರಾಕ್ ಹೇಳು. ನಂಗೂ ಯಜಮಾನ್ರಿಲ್ಲ. ಕೂಗಿದ್ರೆ ಬತ್ತೀನಿ."

ಮಾವ ನಕ್ಷೆಯ ಮೇಲೆ ಬಾವಿಯ ಗುರುತು ಹಾಕಿದ. ವೃತ್ತ ಸೊಟ್ಟಗಾಯಿತು. ತಿದ್ದಲಿಲ್ಲ.

ಮನೆ ತಲುಪುವಾಗ ದೀಪ ಹಚ್ಚುವ ಹೊತ್ತು. ಅಮ್ಮ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಮಾವ ಮಾತಾಡಿದ.

"ಅಕ್ಕಾ, ನಾನು ಹೇಳಿದ್ದೆಲ್ಲ ಸುಳ್ಳು. ಪಾರ್ಕಿಲ್ಲ, ಪೋಸ್ಟ್ ಆಫೀಸಿಲ್ಲ, ರಸ್ತೇನೂ ಇಲ್ಲ. ಓ ಅನ್ನೋರು ಮಾತ್ರ ಒಬ್ಬರಿದ್ದಾರೆ."

ಅಮ್ಮ ಅವನ ಕೆಸರು ಮೆತ್ತಿದ ಅಂಗಿಯನ್ನೂ ಕೆಂಪಾದ ಕಣ್ಣನ್ನೂ ನೋಡಿದಳು. ಸೆರಗಿನಿಂದ ಅವನ ಮುಖ ಒರೆಸಿದಳು.

"ಒಬ್ಬರು ಸಾಕು ಕಣೋ" ಎಂದಳು. "ಪೆನ್ನು ಕೊಡು."