ತಲೆಕೆಳಗಾದರೂ ಕಳಚದ ಪಾದರಕ್ಷೆ

ಈ ಮೂರನೆಯ ಪಾರ್ಕಿನಲ್ಲಿ ಏನೇ ಆಗಲಿ, ಆಕಾಶವೇ ಕಳಚಿ ಬೀಳಲಿ, ಕಾಲಿನಿಂದ ಚಪ್ಪಲಿ ಬಿಚ್ಚುವುದಿಲ್ಲ ಎಂದು ಅಳತೆ ಸಾಹುಕಾರರು ವಿಮಾನ ಹತ್ತುವ ಮೊದಲೇ ಶಪಥ ಮಾಡಿದ್ದರು. ವಿಮಾನ ನಿಲ್ದಾಣದ ತಪಾಸಣೆಯವರು ಬಿಚ್ಚಿಸಿದರು. ಅದು ಲೆಕ್ಕಕ್ಕಿಲ್ಲ! ಶಪಥ ಇದ್ದದ್ದು ಪಾರ್ಕಿಗೆ ಮಾತ್ರ.

ಅವರಿಗೆ ಆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಪೇಟೆಯ ನಡುಮಧ್ಯೆ ಇಪ್ಪತ್ತೆಂಟು ವರ್ಷದಿಂದ ಅವರ ಪಾದರಕ್ಷೆಯ ಅಂಗಡಿ ಇದೆ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ, ಮುಖದ ಕಡೆ ತಿರುಗಿಯೂ ನೋಡದೆ, ಪಾದ ನೋಡಿಯೇ "ಏಳು! ಅಗಲ ಜಾಸ್ತಿ! ಎಡಗಾಲು ಒಂದು ಎಳೆ ದೊಡ್ಡದು!" ಎಂದು ಒಳಗಿನ ಕಪಾಟಿನ ಕಡೆ ಕೂಗಿಬಿಡುತ್ತಾರೆ. ಕಾಲು ಅಳೆಯುವ ಪಟ್ಟಿ ಮೇಜಿನ ಕೆಳಗೆ ಧೂಳು ತಿನ್ನುತ್ತಾ ಬಿದ್ದಿದೆ. ಹಳೆಯ ಸ್ನೇಹಿತರ ಮುಖ ಮರೆತಾರು, ಕಾಲು ಮರೆಯರು.

ಇನ್ನು ಪಾರ್ಕುಗಳ ವಿಷಯ. ಕಂಪನಿಯವರು ಡೀಲರುಗಳನ್ನು ಪ್ರವಾಸಕ್ಕೆ ಕರೆದೊಯ್ದ ಪುಣ್ಯದಿಂದ ಸಾಹುಕಾರರು ಎರಡು ದೇಶಗಳ ಎರಡು ಮನರಂಜನಾ ಪಾರ್ಕು ನೋಡಿ ಬಂದಿದ್ದರು. ಎರಡರಲ್ಲೂ, ತಲೆಕೆಳಗಾಗಿ ತಿರುಗುವ ರೈಲು ಹತ್ತುವ ಮೊದಲು, ಅಲ್ಲಿಯ ನೌಕರರು ಮುಲಾಜಿಲ್ಲದೆ ಚಪ್ಪಲಿ ಬಿಚ್ಚಿಸಿದ್ದರು. ಮೂವತ್ತೈದು ಡೀಲರುಗಳು, ಅಷ್ಟೂ ಜನ ಪಾದರಕ್ಷೆ ಮಾರಿ ಬದುಕುವವರು, ಕಾದ ಕಬ್ಬಿಣದ ಹಲಗೆಯ ಮೇಲೆ ಬರಿಗಾಲಿನಲ್ಲಿ ಕುಣಿಯುತ್ತಾ ನಿಂತಿದ್ದರು! ಇಡೀ ವ್ಯಾಪಾರಕ್ಕೇ ಆದ ಆ ಅವಮಾನ ಸಾಹುಕಾರರ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಊರಿಗೆ ಬಂದವರೇ ತಮ್ಮದೇ ಗುರುತು ಹಾಕಿಸಿ ಹೊಸ ಸ್ಯಾಂಡಲು ಮಾಡಿಸಿದರು. ಹಿಮ್ಮಡಿಗೆ ಬಾರು, ಬಾರಿಗೆ ಬಕಲು, ಎಲ್ಲ ಕಡೆ ಎರಡೆರಡು ಸಾಲು ಹೊಲಿಗೆ. ಸ್ಯಾಂಡಲು ಬರುವ ಮೊದಲೇ ಅದಕ್ಕೊಂದು ದೊಡ್ಡ ಬೋರ್ಡು ಬರೆಸಿದರು: "ತಲೆಕೆಳಗಾದರೂ ಕಳಚದ ಪಾದರಕ್ಷೆ!" ಬೋರ್ಡಿನ ನಡುವೆ ಒಂದು ಚೌಕ ಖಾಲಿ ಬಿಡಿಸಿದ್ದರು. ಅಲ್ಲಿಗೆ ಬರಬೇಕಾದದ್ದು ಒಂದು ಫೋಟೋ. ರೈಲು ತಲೆಕೆಳಗಾದ ಕ್ಷಣದಲ್ಲಿ ಪಾರ್ಕಿನ ಕ್ಯಾಮೆರಾ ತಾನಾಗಿಯೇ ಹಿಡಿಯುವ ಫೋಟೋ. ಆಕಾಶದಲ್ಲಿ ಸಾಹುಕಾರರು, ಸಾಹುಕಾರರ ಕಾಲಲ್ಲಿ ಸ್ಯಾಂಡಲು! ಎರಡು ವರ್ಷದ ಹಿಂದೆ ರಸ್ತೆಯಾಚೆ ಅದೇ ವ್ಯಾಪಾರ ತೆರೆದು ಕೂತಿದ್ದ ಎದುರು ಅಂಗಡಿಯವನು ಅದನ್ನು ದಿನವಿಡೀ ನೋಡಿ ನೋಡಿ ಒಣಗಬೇಕು!

ಹೆಂಡತಿ ಮಗಳಿಗೆ ಮಾತ್ರ "ನಿಮ್ಮ ಖುಷಿಗೋಸ್ಕರ ಹೊರಟಿದ್ದೀವಿ" ಎಂದು ಹೇಳಿದ್ದರು. ಹೆಂಡತಿ ನಂಬಲಿಲ್ಲ. ಬೋರ್ಡು ಅವಳ ಅಡುಗೆಮನೆಯ ಗೋಡೆಗೇ ಒರಗಿ ನಿಂತಿತ್ತು.

ಪಾರ್ಕಿನ ಹೆಬ್ಬಾಗಿಲಿನಲ್ಲೇ ಹೋಲಿಕೆ ಶುರುವಾಯಿತು.

"ಮೊದಲನೇ ಪಾರ್ಕಿನ ಬಾಗಿಲು ಇದರ ಎರಡರಷ್ಟಿತ್ತು ಕಣೇ."

"ನಮಗೆ ಇಷ್ಟು ಸಾಕಲ್ವೇನ್ರೀ? ನಾವೇನು ಕಬ್ಬಿಣದ ಬೀರು ಹೊತ್ಕೊಂಡು ಬಂದಿದ್ದೀವಾ?"

"ಕೋಟೆ ನೋಡು, ಐದೇ ಗೋಪುರ. ಎರಡನೇ ಪಾರ್ಕಲ್ಲಿ ಏಳಿತ್ತು."

"ಎರಡು ಕಮ್ಮಿ ಇದ್ರೆ ಏನೀಗ? ಬಾಡಿಗೆಗೆ ಇರೋಕೆ ಬರ್ತೀರಾ?"

ಮಗಳು ಕೈಚೀಲದಿಂದ ನಕ್ಷೆ ತೆಗೆದು, "ಅಪ್ಪಾ, ಇವತ್ತು ನಾವು ಇರೋದು ಈ ಪಾರ್ಕಲ್ಲಿ. ಇದನ್ನೂ ಸ್ವಲ್ಪ ನೋಡೋಣ" ಎಂದಳು.

ಸಾಹುಕಾರರು ನೋಡುತ್ತಲೇ ಇದ್ದರು. ಆದರೆ ಅವರು ಯಾವ ಪಾರ್ಕನ್ನೂ ನೋಡುವುದು ನೆಲದಿಂದ. ಮೊದಲನೆಯದರಲ್ಲಿ ಒರಟು ಕಲ್ಲು ಹಾಸಿದ್ದರು, ಒಂದೇ ದಿನಕ್ಕೆ ಅಟ್ಟೆ ಅರ್ಧ ಸವೆಯುತ್ತಿತ್ತು. ಅಂಥ ಪಾರ್ಕನ್ನು ಕಟ್ಟಿಸಿದವನು ವ್ಯಾಪಾರ ಬಲ್ಲವನು! ಎರಡನೆಯದರಲ್ಲಿ ನುಣುಪು ಹಾಸು, ನೀರು ಬಿದ್ದ ಕಡೆಯೆಲ್ಲ ಜನ ಜಾರಿ ಬೀಳುತ್ತಿದ್ದರು. ಇಲ್ಲಿಯದೋ ರಬ್ಬರು ಬೆರೆಸಿದ ಮೆತ್ತನೆಯ ನೆಲ. "ಇದರ ಮೇಲೆ ನಡೆದ್ರೆ ಚಪ್ಪಲಿ ಹತ್ತು ವರ್ಷ ಬರುತ್ತೆ. ಹಾಳು ಪಾರ್ಕು!" ಎಂದು ತೀರ್ಪು ಕೊಟ್ಟರು.

ಮಧ್ಯಾಹ್ನದವರೆಗೆ ಮೂವರೂ ನಡೆದೇ ನಡೆದರು. ದೋಣಿ ಹತ್ತಿದರು, ತಿರುಗುವ ಬಟ್ಟಲಲ್ಲಿ ಕೂತರು, ಬೊಂಬೆಗಳ ಗುಹೆ ಹೊಕ್ಕು ಹೊರಬಂದರು. ಬೆಂಚು ಸಿಕ್ಕಾಗಲೆಲ್ಲ ಸಾಹುಕಾರರು ಕಾಲು ಚಾಚಿ ಕೂತು ಬೆರಳು ನೀವಿಕೊಂಡರು. ಹೆಂಡತಿ ಒಮ್ಮೆಯೂ ಉಸ್ ಎನ್ನಲಿಲ್ಲ. ಕಣಕಾಲು ಮುಚ್ಚುವ ಉದ್ದನೆಯ ಉಡುಪಿನಲ್ಲಿ ಹುಡುಗಿಯ ಹಾಗೆ ಸರಸರ ಮುಂದೆ ಮುಂದೆ ಹೋಗುತ್ತಿದ್ದಳು.

"ನೋಡಿದ್ಯಾ!" ಸಾಹುಕಾರರು ಮಗಳ ಹೆಗಲು ತಟ್ಟಿದರು. "ಬೆಳಗ್ಗೆಯಿಂದ ನಡೀತಿದ್ದಾಳೆ, ಒಂದು ಸಲ ಕಾಲುನೋವು ಅಂದ್ಲಾ? ನಮ್ಮ ಅಂಗಡಿ ಮಾಲು ಅಂದ್ರೆ ಅದು!"

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಕೋಟೆಯ ಗೋಪುರ ನೋಡಿದಳು.

"ಹೂಂ ಅಪ್ಪಾ" ಎಂದಳು ಮಗಳು.

ಕೊನೆಗೆ ತಲೆಕೆಳಗಿನ ರೈಲಿನ ಸರದಿ ಬಂತು. ಮಗಳು ರೈಲು ಹತ್ತದೆ ಕೆಳಗೆ ಚೀಲ ಕಾಯುವುದೆಂದಾಯಿತು. ಕೆಳಗಿಳಿಯುವ ಮೊದಲು ಅಪ್ಪನನ್ನು ಮೇಲಿನ ನೌಕರನವರೆಗೆ ಕರೆದೊಯ್ದು, ಭಾಷೆ ಬಾರದ ಅಪ್ಪನ ಮಾತನ್ನು ಅವನಿಗೆ ತಿಳಿಸುವ ಕೆಲಸ ಮಾಡಿದಳು. ಇದು ಹಳಿಯ ಮೇಲೆ ಓಡುವ ರೈಲಲ್ಲ, ಹಳಿಗೆ ನೇತುಬಿದ್ದು ಓಡುವಂಥದ್ದು. ಕೂತವರ ಕಾಲು ಗಾಳಿಯಲ್ಲಿ ತೂಗಾಡುತ್ತವೆ. ನೌಕರ ಹವಾಯಿ ಚಪ್ಪಲಿಯವರನ್ನೆಲ್ಲ ಗದರಿಸಿ ಬುಟ್ಟಿಗೆ ಬಿಚ್ಚಿಸುತ್ತಿದ್ದ. ಹೆಂಡತಿಯ ಕಾಲಿನತ್ತ ಒಮ್ಮೆ ಕಣ್ಣು ಹಾಯಿಸಿ, ಏನೂ ಹೇಳದೆ ಬಿಟ್ಟ. ಸಾಹುಕಾರರ ಸ್ಯಾಂಡಲಿನ ಮುಂದೆ ನಿಂತ.

"ಹೇಳು ಅವನಿಗೆ, ಇದು ಕಳಚಲ್ಲ!" ಎಂದು ಸಾಹುಕಾರರು ಬಲಗಾಲೆತ್ತಿ ಗಾಳಿಗೆ ನಾಲ್ಕು ಸಲ ಒದ್ದರು. ಹಿಂದೆ ನಿಂತಿದ್ದವರು ಎರಡು ಹೆಜ್ಜೆ ಸರಿದರು. "ಅಷ್ಟೇ ಅಲ್ಲ, ಅವನ ಅಳತೆ ಹನ್ನೊಂದು ಅಂತಾನೂ ಹೇಳು."

ಮಗಳು ಹೇಳಿದಳು. ನೌಕರ ಬೆರಗಾಗಿ ತನ್ನ ಬೂಟು ಎತ್ತಿ ಅಟ್ಟೆ ತೋರಿಸಿದ. ಹನ್ನೊಂದು! ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಉತ್ಸಾಹ ಉಕ್ಕಿ ಸಾಹುಕಾರರು ಇನ್ನೂ ಆರು ಜನರ ಅಳತೆ ಹೇಳಿದರು. ಆರೂ ಸರಿ! ನೌಕರ ಸೋತು, ಸ್ಯಾಂಡಲಿನ ಬಾರು ಒಮ್ಮೆ ಎಳೆದು ನೋಡಿ, ಹೋಗಿ ಎಂದು ಕೈಬೀಸಿದ. ಮೂವತ್ತೈದು ಡೀಲರುಗಳ ಅವಮಾನವನ್ನು ಒಬ್ಬರೇ ತೊಳೆದ ಗತ್ತಿನಲ್ಲಿ ಸಾಹುಕಾರರು ಸೀಟಿನಲ್ಲಿ ಕೂತರು. ಹೆಂಡತಿ ಪಕ್ಕದಲ್ಲಿ ಕೂತಳು.

"ಫೋಟೋ ತೆಗೆಯೋವಾಗ ಕಾಲು ಮುಂದೆ ಚಾಚಬೇಕು, ನೆನಪಿರಲಿ."

"ನಿಮ್ಮ ಕಾಲು ನೀವು ನೋಡ್ಕೊಳ್ಳಿ."

ಮೊದಲ ಏರು. ಮೊದಲ ಇಳಿತ. ಸಾಹುಕಾರರ ಹೊಟ್ಟೆ ಗಂಟಲಿಗೆ ಬಂತು, ಗಂಟಲಲ್ಲಿದ್ದ "ಎರಡನೇ ಪಾರ್ಕಲ್ಲಿ ಇದಕ್ಕಿಂತ..." ಎಂಬ ಮಾತು ಹೊಟ್ಟೆಗೆ ಇಳಿಯಿತು. ರೈಲು ಸುತ್ತಿತು, ಹೊರಳಿತು, ಭೂಮಿ ತಲೆಯ ಮೇಲೆ ಬಂತು. ಬಲಗಾಲಿಗೆ ತಣ್ಣನೆಯ ಗಾಳಿ ತಾಗಿತು.

ಆ ತಂಪು ಎಂಥದೆಂದು ಪಾದರಕ್ಷೆ ವ್ಯಾಪಾರಿಗೆ ಹೇಳಿಕೊಡಬೇಕೆ?

ಕೆಳಗೆ ಆಗ ಬ್ಯಾಂಡಿನ ಮೆರವಣಿಗೆ ಹೋಗುತ್ತಿತ್ತು. ಕೆಂಪು ಅಂಗಿ, ಚಿನ್ನದ ಗುಂಡಿ. ಕೊನೆಯ ಸಾಲಿನ ದಪ್ಪ ಮನುಷ್ಯನ ಮೈಸುತ್ತ ಬಳಸಿ, ತಲೆಯ ಮೇಲೆ ಬಾವಿಯಂತೆ ಬಾಯ್ದೆರೆದಿದ್ದ ದೊಡ್ಡ ಕಹಳೆ. ಮೇಲಿಂದ ಬಂದ ಸ್ಯಾಂಡಲು ಅಕ್ಕಪಕ್ಕ ಎಲ್ಲೂ ನೋಡದೆ ನೇರವಾಗಿ ಆ ಬಾವಿಯೊಳಗೆ ಇಳಿಯಿತು. ದಪ್ಪ ಮನುಷ್ಯ ಕೆನ್ನೆ ಉಬ್ಬಿಸಿ ಊದಿದ. ಸದ್ದಿಲ್ಲ! ಇನ್ನೂ ಉಬ್ಬಿಸಿದ. ಮುಖ ಅಂಗಿಯ ಬಣ್ಣಕ್ಕೆ ತಿರುಗಿತು. ಹಿಂದೆ ತಿರುಗಿ ನೋಡಿದ ಡೋಲಿನವನು ತಾಳ ತಪ್ಪಿದ, ತಾಳ ತಪ್ಪಿದ ಮೇಲೆ ಹೆಜ್ಜೆ ತಪ್ಪಿತು, ಮುಂದಿನ ಸಾಲು ಬಲಕ್ಕೂ ಹಿಂದಿನ ಸಾಲು ಎಡಕ್ಕೂ ಹೋಯಿತು!

ಇದನ್ನೆಲ್ಲ ಕಣ್ಣಾರೆ ಕಂಡ ಮಗಳು, ಒಂಟಿಕಾಲಲ್ಲಿ ಕುಂಟುತ್ತಾ ಇಳಿದು ಬಂದ ಅಪ್ಪನಿಗೆ ವರದಿ ಒಪ್ಪಿಸಿದಳು.

"ಬಾರು ಹರೀತಾ?" ಸಾಹುಕಾರರ ಮೊದಲ ಪ್ರಶ್ನೆ ಅದೇ. ಎರಡನೆಯದು ಇನ್ನೂ ದಾರುಣವಾಗಿತ್ತು. "ಫೋಟೋ ತೆಗೆಯೋಕೆ ಮುಂಚೆ ಬಿತ್ತಾ, ಆಮೇಲೆ ಬಿತ್ತಾ?"

"ನನಗೇನು ಗೊತ್ತಪ್ಪಾ! ಫೋಟೋ ಕೌಂಟರ್ ಅಲ್ಲೇ ಇದೆ, ನೋಡೋಣ ಬನ್ನಿ."

"ಮೊದಲು ಸ್ಯಾಂಡಲು!"

ಅಷ್ಟರಲ್ಲಿ ಬ್ಯಾಂಡು ನೌಕರರ ಗೇಟಿನೊಳಗೆ ಮಾಯವಾಗಿತ್ತು. ಕಳೆದುಹೋದ ಸಾಮಾನಿನ ಕಚೇರಿಗೆ ಹೋಗಿ ಕಾಯಿರಿ ಎಂದರು. ಸಾಹುಕಾರರು ಪಾರ್ಕಿನ ಉದ್ದಕ್ಕೂ ಒಂದು ಕಾಲಲ್ಲಿ ಸ್ಯಾಂಡಲು, ಇನ್ನೊಂದು ಬರಿಗಾಲು, ಹೀಗೇ ನಡೆದರು. ರಬ್ಬರು ನೆಲ ಮೆತ್ತಗಿತ್ತು. "ನೆಲ ಪರವಾಗಿಲ್ಲ" ಎಂದು ಮೆಲ್ಲಗೆ ಒಪ್ಪಿಕೊಂಡರು.

ಕಚೇರಿ ಎಂದರೆ ಒಂದು ಉದ್ದ ಕೋಣೆ. ಒಂದು ಗೋಡೆಗೆ ಟೋಪಿಗಳು, ಇನ್ನೊಂದಕ್ಕೆ ಕೊಡೆಗಳು, ಮೂಲೆಯಲ್ಲಿ ಒಂಟಿ ಪಾದರಕ್ಷೆಗಳ ದೊಡ್ಡ ಪೆಟ್ಟಿಗೆ. ಮೇಜಿನ ಹಿಂದೆ ದಪ್ಪ ಕನ್ನಡಕದ ಹೆಂಗಸು. ಬ್ಯಾಂಡಿನವರಿಗೆ ಫೋನು ಮಾಡಿ, ಕಾಯಿರಿ ಎಂದು ಬೆರಳು ತೋರಿಸಿದಳು.

ಪೆಟ್ಟಿಗೆ ಕಂಡ ಸಾಹುಕಾರರ ಕೈ ಸುಮ್ಮನಿರುತ್ತದೆಯೆ? ಹದಿನೈದೇ ನಿಮಿಷ! ಎಡದ್ದೆಲ್ಲ ಒಂದು ಸಾಲು, ಬಲದ್ದೆಲ್ಲ ಒಂದು ಸಾಲು, ಚಿಕ್ಕ ಅಳತೆಯಿಂದ ದೊಡ್ಡದಕ್ಕೆ. ಬೇರೆ ಬೇರೆ ದಿನ ಸಿಕ್ಕಿ ಪೆಟ್ಟಿಗೆಯ ತಳದಲ್ಲಿ ಒಂದಕ್ಕೊಂದು ಗೊತ್ತಿಲ್ಲದೆ ಬಿದ್ದಿದ್ದ ಎರಡು ಜೊತೆಗಳನ್ನು ಮತ್ತೆ ಕೂಡಿಸಿದರು. ಕನ್ನಡಕದ ಹೆಂಗಸು ಎದ್ದು ನಿಂತು ಏನೋ ಹೇಳಿದಳು.

"ಇಷ್ಟು ವರ್ಷದಲ್ಲಿ ಇಂಥ ಮನುಷ್ಯನನ್ನ ನೋಡಿಲ್ಲ ಅಂತಿದ್ದಾರೆ, ಅಪ್ಪಾ!"

"ಮೊದಲೆರಡು ಪಾರ್ಕಲ್ಲಿ ಇಂಥ ಕಚೇರಿ ಇರ್ಲೇ ಇಲ್ಲ. ಇದೇ ವಾಸಿ" ಎಂದರು ಸಾಹುಕಾರರು, ಮೀಸೆಯ ಮೇಲೆ ಕೈಯಾಡಿಸಿ.

ಆಗಲೇ ದಪ್ಪ ಮನುಷ್ಯ ಎರಡು ಬೆರಳಲ್ಲಿ ಸ್ಯಾಂಡಲು ಹಿಡಿದು ಒಳಗೆ ಬಂದ. ಸಾಹುಕಾರರು ಕಸಿದುಕೊಂಡು ತಿರುಗಿಸಿ ನೋಡಿದರು. ಬಾರು ಹರಿದಿಲ್ಲ! ಹೊಲಿಗೆ ಬಿಟ್ಟಿಲ್ಲ! ಹಾಕಿದ ಬಕಲು ಹಾಕಿದ ಹಾಗೇ ಇದೆ!

"ನೋಡೇ! ಮಾಲಿನಲ್ಲಿ ಕೂದಲೆಳೆಯಷ್ಟೂ ದೋಷ ಇಲ್ಲ!"

"ಹಾಗಾದ್ರೆ ಬಿದ್ದಿದ್ದು ಹೇಗೆ?" ಹೆಂಡತಿ ಕೇಳಿದಳು.

ಅಷ್ಟರಲ್ಲಿ ಕನ್ನಡಕದ ಹೆಂಗಸು ನಮೂನೆಯ ಕಾಗದ ಮುಂದಿಟ್ಟಳು. ಬಣ್ಣ? ಕಂದು. ಯಾವ ಕಾಲಿನದು? ಬಲ. ಅಳತೆ?

"ಎಂಟು" ಎಂದರು ಸಾಹುಕಾರರು. ತಮ್ಮ ಪಾದದ ಅಳತೆಯನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲರು.

ಹೆಂಗಸು ಸ್ಯಾಂಡಲು ಮಗುಚಿ ಅಟ್ಟೆ ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಸ್ಯಾಂಡಲನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದು ಹತ್ತು, ನಿಮ್ಮದು ಎಂಟು, ಹಾಗಾದ್ರೆ ಇದು ನಿಮ್ಮದಲ್ಲ ಅಂತಿದ್ದಾರಪ್ಪಾ."

"ಇದರ ಜೋಡಿ ನನ್ನ ಕಾಲಲ್ಲೇ ಇದೆಯಲ್ಲೇ! ತೋರಿಸು!"

ಹೆಂಗಸು ಮೇಜಿನ ಮೇಲಿಂದ ಬಗ್ಗಿ ನೋಡಿದಳು.

"ಅದೂ ಹತ್ತೇ. ಅದಾದ್ರೂ ಯಾರದ್ದು ಅಂತ ಕೇಳ್ತಿದ್ದಾರೆ."

ದಪ್ಪ ಮನುಷ್ಯ ಬಾಗಿಲಿಗೆ ಅಡ್ಡ ನಿಂತ. ಹೆಂಗಸು ಬಾರಿನ ಮೇಲೆ ಕೈಯಿಂದ ಕೊರೆದಿದ್ದ ಎರಡು ಹೆಚ್ಚಿನ ತೂತುಗಳನ್ನು ಪೆನ್ನಿನ ತುದಿಯಿಂದ ತೋರಿಸಿದಳು. ಬೇರೆ ದಾರಿಯೇ ಇರಲಿಲ್ಲ. ಸಾಹುಕಾರರು ಬೆವರೊರೆಸಿಕೊಂಡು, ಇಪ್ಪತ್ತೆಂಟು ವರ್ಷದ ಗುಟ್ಟನ್ನು ಪರದೇಶದ ಮೇಜಿನ ಮೇಲೆ ಬಿಚ್ಚಿಟ್ಟರು.

"ಹೇಳಮ್ಮಾ ಅವರಿಗೆ. ನಾನು ಚಪ್ಪಲಿ ವ್ಯಾಪಾರಿ. ಎಂಟು ಬಂದ ವಾರಕ್ಕೇ ಖಾಲಿ ಆಗುತ್ತೆ. ಹತ್ತು ಯಾರೂ ಕೇಳಲ್ಲ. ಮಾರಾಟ ಆಗದೆ ಉಳಿದಿದ್ದನ್ನ ನಾನೇ ಹಾಕ್ಕೋತೀನಿ. ಕಾಲಿಗೆ ಬಿಗಿಯಾಗ್ಲಿ ಅಂತ ತೂತು ನಾನೇ ಹೊಡೆದಿದ್ದು."

ಮಗಳು ಹೇಳಿದಳು. ಹೆಂಗಸು ನಕ್ಕಳು, ದಪ್ಪ ಮನುಷ್ಯ ನಕ್ಕ, ಕಾಗದಕ್ಕೆ ಮುದ್ರೆ ಬಿತ್ತು.

"ನೀವೊಬ್ಬರೇನಾ?" ಹೆಂಡತಿಯ ದನಿ ಹಿಂದಿನಿಂದ ಬಂತು. "ನಿಮಗೆ ಹತ್ತು. ನನಗೆ ಒಂದು ವರ್ಷ ನಾಲ್ಕು, ಇನ್ನೊಂದು ವರ್ಷ ಒಂಬತ್ತು."

ಸಾಹುಕಾರರು ಬಕಲು ಹಾಕಿಕೊಳ್ಳುವುದರಲ್ಲಿ ಮಗ್ನರಾದರು. ಇನ್ನೂ ಆಸೆ ಸತ್ತಿರಲಿಲ್ಲ. ಬಾರು ಗಟ್ಟಿ ಇದೆ. ಸ್ಯಾಂಡಲು ಫೋಟೋ ಆದ ಮೇಲೆ ಬಿದ್ದಿದ್ದರೆ ಬೋರ್ಡು ಬದುಕಿತು!

ಫೋಟೋ ಕೌಂಟರಿನಲ್ಲಿ ಪರದೆಯ ಮೇಲೆ ಅವರ ಸಾಲು ಮೂಡಿತು. ಸಾಹುಕಾರರ ಕಣ್ಣು ಬಿಟ್ಟಿದೆ, ಬಾಯಿ ಬಿಟ್ಟಿದೆ, ಬಲಗಾಲನ್ನು ಸ್ಯಾಂಡಲೂ ಬಿಟ್ಟಿದೆ. ಪಾದಕ್ಕೂ ಅದಕ್ಕೂ ಸರಿಯಾಗಿ ಒಂದು ಮೊಳ ಅಂತರ. ಪಕ್ಕದಲ್ಲಿ ಹೆಂಡತಿ. ಗಾಳಿಗೆ ಉಡುಪು ಮೊಣಕಾಲಿಗೆ ಸುತ್ತಿಕೊಂಡಿದೆ, ಮುಖದ ತುಂಬ ನಗು, ಎರಡೂ ಕಾಲು ನೆಟ್ಟಗೆ ಮುಂದಕ್ಕೆ, ಕಾಲಲ್ಲಿ ಅಚ್ಚು ಹೊಯ್ದಂತೆ ಕೂತ ನೀಲಿ ಬೂಟು!

ಸಾಹುಕಾರರು ಪರದೆಯ ಹತ್ತಿರ ಹೋದರು. ಬೆಳಗಿನಿಂದ ಪಾರ್ಕಿನ ಪಾದಗಳನ್ನೆಲ್ಲ ಅಳೆದ ಕಣ್ಣು ಪಕ್ಕದಲ್ಲೇ ನಡೆಯುತ್ತಿದ್ದ ಎರಡು ಪಾದಗಳನ್ನು ಈಗ ಮೊದಲ ಸಲ ನೋಡುತ್ತಿತ್ತು.

"ಈ ಹೊಲಿಗೆ... ಈ ಅಟ್ಟೆ... ಇದು ನಮ್ಮ ಮಾಲಲ್ಲ!"

"ಅಲ್ಲ."

"ಎಲ್ಲೀದು?"

"ಎದುರು ಅಂಗಡೀದು."

ಸಾಹುಕಾರರಿಗೆ ನಿಂತ ನೆಲವೇ ತಲೆಕೆಳಗಾಯಿತು. "ಯಾವಾಗ ಹೋದೆ?"

"ನೀವು ಯಾರದೋ ಕಾಲು ನೋಡ್ತಾ ಕೂತಿದ್ರಿ. ನಿಮ್ಮ ಮುಂದೇನೇ ರಸ್ತೆ ದಾಟಿದೆ. ತಲೆ ಎತ್ತಲಿಲ್ಲ."

"ಅವನು... ಏನಂದ?"

"'ಅಕ್ಕಾ, ನಿಮ್ಮ ಅಳತೆ ಎಷ್ಟು' ಅಂದ." ಹೆಂಡತಿ ಪರದೆಯಲ್ಲಿದ್ದ ತನ್ನ ನಗುಮುಖವನ್ನೇ ನೋಡುತ್ತಾ ಹೇಳಿದಳು. "ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತಲ್ಲ, ಆ ಮಾತನ್ನ ನನ್ನ ಕೇಳಿದ್ದು ಅವನೇ ಮೊದಲು."

ಮಗಳು ಕೆಮ್ಮಿದಳು. "ಫೋಟೋ ಅಂತೂ ಬೋರ್ಡಿಗೆ ಹೇಳಿ ಮಾಡಿಸಿದ ಹಾಗಿದೆ ಅಪ್ಪಾ. ತಲೆಕೆಳಗಾಗಿದೆ, ಪಾದರಕ್ಷೆ ಕಳಚಿಲ್ಲ. ಅಂಗಡಿ ಮಾತ್ರ ಬೇರೆ."

ಸಾಹುಕಾರರು ಕೌಂಟರಿನವನ ಕಡೆ ತಿರುಗಿ ಎರಡು ಬೆರಳೆತ್ತಿದರು. ಫೋಟೋದ ಎರಡು ಪ್ರತಿ ತೆಗೆಸಿಕೊಂಡರು. ಎರಡು ಯಾಕೆಂದು ಕೇಳಿದ್ದಕ್ಕೆ, "ಒಂದು ಮನೆಗೆ. ಇನ್ನೊಂದನ್ನ ಬೋರ್ಡಿನ ಸಮೇತ ಎದುರಿನವನಿಗೆ ಮಾರ್ತೀನಿ" ಎಂದರು. ವ್ಯಾಪಾರಿ ಮಂಡಿಯೂರಿದರೂ ತಕ್ಕಡಿ ಕೈಬಿಡುತ್ತಾನೆಯೆ!

ಹಾಗೆಂದವರೇ ನಿಜವಾಗಿಯೂ ಮಂಡಿಯೂರಿದರು. ಅಂಗಡಿಯಲ್ಲಿ ಗಿರಾಕಿಯ ಮುಂದೆ ಕೂರುವ ಹಾಗೆ ಹೆಂಡತಿಯ ಮುಂದೆ ಕೂತು, ನೀಲಿ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬೆರಳಿಗೆ ಬೇಕಾದಷ್ಟೇ ಜಾಗ. ಎದುರಿನವನು ಕೆಲಸ ಬಲ್ಲವನೇ.

"ಕೇಳು," ಎಂದರು ಎದೆಯುಬ್ಬಿಸಿ. "ಇನ್ನು ಮೇಲೆ ಮಾಲು ಬಂದ ದಿನವೇ, ಒಬ್ಬ ಗಿರಾಕಿಯೂ ಕಾಲಿಡೋ ಮುಂಚೆ, ನಿನ್ನ ಅಳತೇದು ಒಂದು ಜೊತೆ ಮನೆಗೆ! ಇದು ನನ್ನ ಶಪಥ. ನೀನು ಬಾಯಿಬಿಟ್ಟು ಹೇಳೋದೂ ಬೇಡ. ಈ ಕಣ್ಣು ಯಾವತ್ತಾದ್ರೂ ತಪ್ಪಿದ್ಯಾ?"

ಒಂದು ಕ್ಷಣ ಕಣ್ಣು ಕಿರಿದು ಮಾಡಿ ಪಾದ ನೋಡಿದರು. ಕೌಂಟರಿನವರೆಲ್ಲ ತಿರುಗಿ ನೋಡುವ ಹಾಗೆ ಘೋಷಿಸಿದರು:

"ಐದು!"

"ಆರು" ಎಂದಳು ಹೆಂಡತಿ.