ಶಾಂತಕ್ಕನ ಡಬ್ಬಿಯೂ ನನ್ನ ಮೊಣಕಾಲಿನ ಮಾತ್ರೆಯೂ

ಜನ ನನ್ನನ್ನು ನಾನಿರುವುದಕ್ಕಿಂತ ದೊಡ್ಡವಳೆಂದು ತಿಳಿದುಕೊಂಡರೆ ಅವರನ್ನು ತಿದ್ದುವ ಅಭ್ಯಾಸ ನನಗಿಲ್ಲ. ಕಡಿಮೆ ತಿಳಿದುಕೊಂಡರೆ ಮಾತ್ರ ತಕ್ಷಣ ತಿದ್ದುತ್ತೇನೆ. ನಾನು ಕೆಲಸ ಮಾಡುವುದು ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಯಲ್ಲಿ. ಇಷ್ಟು ನಿಜ. ಇಷ್ಟನ್ನು ಕೇಳಿದವರು ನಾನು ಬಿಳಿ ಕೋಟು ತೊಟ್ಟು ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುವವಳೆಂದು ಊಹಿಸಿಕೊಂಡರೆ ಅದು ಅವರ ದೊಡ್ಡ ಮನಸ್ಸು. ನನ್ನ ಕೆಲಸ ಶಿಫ್ಟ್ ಬಸ್ಸುಗಳದ್ದು. ಯಾವ ಬಸ್ಸು ಹೊಸೂರು ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದೆ, ಯಾವ ಡ್ರೈವರ್ ಫೋನ್ ಎತ್ತುತ್ತಿಲ್ಲ, ಸೆಕೆಂಡ್ ಶಿಫ್ಟಿನ ಹೆಣ್ಣುಮಕ್ಕಳು ಮನೆ ಮುಟ್ಟಿದರೋ ಇಲ್ಲವೋ, ಇದನ್ನೆಲ್ಲ ನೋಡಿಕೊಳ್ಳುತ್ತೇನೆ. ಮಾತ್ರೆ ತಯಾರಾಗುವ ಕಟ್ಟಡದೊಳಗೆ ನನ್ನನ್ನು ಬಿಡುವುದೇ ಇಲ್ಲ. ಆದರೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಹೆಸರು ‘ಮಾತ್ರೆ ಮೇಡಂ’. ಯಾರಾದರೂ ಕೆಮ್ಮು, ತಲೆನೋವು ಎಂದು ಕೇಳಿದರೆ ಒಂದು ಕ್ಷಣ ಯೋಚಿಸಿದಂತೆ ಮಾಡಿ, ಬಿಸಿನೀರು ಕುಡಿಯಿರಿ ಎನ್ನುತ್ತಿದ್ದೆ. ಬಿಸಿನೀರಿನಿಂದ ಯಾರೂ ಕೆಟ್ಟದ್ದಿಲ್ಲವಾದ್ದರಿಂದ ನನ್ನ ಹೆಸರೂ ಕೆಟ್ಟಿರಲಿಲ್ಲ.

ಹೀಗಿರುವಾಗ ನನ್ನ ಮೊಣಕಾಲು ಹಿಡಿದುಕೊಂಡಿತು. ಬೆಳಿಗ್ಗೆ ದೇವರ ಮುಂದೆ ಕೂತರೆ ಏಳುವುದಕ್ಕೆ ದೇವರೇ ಕೈಕೊಡಬೇಕು. ಲಿಂಗಪೂಜೆಗೆ ಪ್ಲಾಸ್ಟಿಕ್ ಕುರ್ಚಿ ಬಂತು. ಊರಿಂದ ಬಂದ ಅತ್ತೆ ಅದನ್ನು ನೋಡಿ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ನನಗೆ ಇನ್ನಷ್ಟು ಚುಚ್ಚಿತು. ಇನ್ನು ಕಂಪನಿಯಲ್ಲಿ ದಿನವಿಡೀ ಬಸ್ಸುಗಳನ್ನು ಓಡಿಸುವ ನನಗೆ ಬಸ್ಸಿನ ಮೆಟ್ಟಿಲು ಹತ್ತುವುದಕ್ಕೇ ಆಗುತ್ತಿರಲಿಲ್ಲ. ಡ್ರೈವರ್‌ಗಳು ನೋಡುತ್ತಾರೆಂದು ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುವವಳಂತೆ ನಟಿಸಿ, ಅವರು ಆ ಕಡೆ ತಿರುಗಿದಾಗ ಕಂಬಿ ಹಿಡಿದು ತೂರಿಕೊಳ್ಳುತ್ತಿದ್ದೆ.

ಕೊನೆಗೆ ಮೂಳೆ ಡಾಕ್ಟರ ಹತ್ತಿರ ಹೋದೆ. ಸಂಧಿವಾತ, ಸವೆದಿದೆ, ಊತವಿದೆ ಎಂದರು. ನೋವಿನ ಮಾತ್ರೆ ಎಂದರೆ ಅಂಗಡಿಗೆ ಹೋಗಿ ಕೇಳಿದರೆ ಸಿಗುವಂಥದ್ದು ಎಂದುಕೊಂಡಿದ್ದೆ. ಅದು ವರ ಹುಡುಕಿದಂತೆ ಎಂದು ಆಮೇಲೆ ಗೊತ್ತಾಯಿತು. ಮೊದಲನೆಯದು ನೋವು ಕಳೆಯಿತು, ಹೊಟ್ಟೆಗೆ ಬೆಂಕಿ ಇಟ್ಟಿತು. ಎರಡನೆಯದು ಹೊಟ್ಟೆಯನ್ನು ಬಿಟ್ಟು ಪಾದ ಹಿಡಿಯಿತು. ಚಪ್ಪಲಿ ಹಾಕಲಾಗದಷ್ಟು ಬಾವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಬಿಪಿ ನೋಡಿದರು, ಬೇರೆ ಏನೇನು ಮಾತ್ರೆ ತಗೋತೀರಿ ಎಂದು ತಿರುತಿರುಗಿ ಕೇಳಿದರು. ಆಮೇಲೆ ಮೂರನೆಯದನ್ನು ಬರೆದುಕೊಟ್ಟು, ಅದರ ಜೊತೆಗೆ ಹೊಟ್ಟೆ ಕಾಯುವುದಕ್ಕೆಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಇನ್ನೊಂದನ್ನೂ ಕೊಟ್ಟರು. ಅದು ಹಿಡಿಸಿತು. ಒಂದು ವಾರದಲ್ಲಿ ಡ್ರೈವರ್‌ಗಳ ಎದುರಿಗೇ ಬಸ್ಸು ಹತ್ತಿದೆ. ಆ ಖುಷಿಯನ್ನು ನಾನು ಸುಮ್ಮನೆ ಇಟ್ಟುಕೊಂಡಿದ್ದರೆ ಈ ಪ್ರಬಂಧಕ್ಕೆ ವಿಷಯ ಸಿಗುತ್ತಿರಲಿಲ್ಲ.

ಎದುರು ಮನೆಯ ಶಾಂತಕ್ಕ ಗದಗಿನ ಕಡೆಯವರು. ಮಗ ಸೊಸೆ ಇಬ್ಬರೂ ಬೆಳ್ಳಂದೂರಿನ ಆಫೀಸಿಗೆ ಹೋದಮೇಲೆ ಶೇಂಗಾ ಹೋಳಿಗೆಯನ್ನೋ ಎಣ್ಣೆಗಾಯಿಯನ್ನೋ ಮಾಡಿ ಸ್ಟೀಲ್ ಡಬ್ಬಿಯಲ್ಲಿ ನಮ್ಮ ಮನೆಗೆ ತರುತ್ತಾರೆ. ಬಂದ ಡಬ್ಬಿಯನ್ನು ಖಾಲಿ ವಾಪಸ್ಸು ಕೊಡಬಾರದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಆ ಭಾನುವಾರ ಡಬ್ಬಿ ತೊಳೆದು ಒರೆಸಿ ಸಕ್ಕರೆ ಡಬ್ಬದ ಮುಚ್ಚಳವನ್ನೂ ತೆಗೆದಿದ್ದೆ. ಅಷ್ಟರಲ್ಲಿ ನನ್ನ ವಿವೇಕ ಎಚ್ಚರವಾಯಿತು. ಶಾಂತಕ್ಕನಿಗೆ ಸಕ್ಕರೆ ಕಾಯಿಲೆ. ಅಂಥವರಿಗೆ ಸಕ್ಕರೆ ಕೊಡುವುದೇ? ನಾನು ಅಷ್ಟು ತಿಳಿಗೇಡಿಯೇ? ಹಿಂದಿನ ದಿನ ಲಿಫ್ಟಿನಲ್ಲಿ ಅವರು ಮೊಣಕಾಲು ಒತ್ತಿಕೊಳ್ಳುತ್ತಿದ್ದದ್ದು ನೆನಪಾಯಿತು. ಸಕ್ಕರೆಯ ಬದಲು ನನ್ನ ಮಾತ್ರೆಯ ಒಂದು ಶೀಟನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ.

ಶಾಂತಕ್ಕ ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. “ನೀವು ಗುಳಿಗಿ ಕಂಪನಿಯವ್ರು, ನಿಮಗ ಗೊತ್ತಿಲ್ದ ಯಾರಿಗೆ ಗೊತ್ತಿರ್ತೈತ್ರಿ?” ಎಂದರು. ಆಗಲಾದರೂ ಹೇಳಬಹುದಿತ್ತು. ನಾನು ಗಂಭೀರವಾಗಿ, ಊಟ ಆದಮೇಲೆ ತಗೊಳ್ಳಿ ಎಂದೆ. ಡಾಕ್ಟರು ನನ್ನನ್ನು ಕೇಳಿದ ಅಷ್ಟೊಂದು ಪ್ರಶ್ನೆಗಳಲ್ಲಿ ಒಂದನ್ನೂ ನಾನು ಶಾಂತಕ್ಕನನ್ನು ಕೇಳಲಿಲ್ಲ. ಹೊಟ್ಟೆ ಕಾಯುವ ಮಾತ್ರೆಯನ್ನಂತೂ ಮರೆತೇಬಿಟ್ಟಿದ್ದೆ.

ಆ ವಾರವೇ ಶಾಂತಕ್ಕನನ್ನು ಆಸ್ಪತ್ರೆಗೆ ಸೇರಿಸಿದರು. ಹೊಟ್ಟೆಯಲ್ಲಿ ಸಂಕಟ, ವಾಂತಿಯಲ್ಲಿ ರಕ್ತ ಎಂದು ಅವರ ಸೊಸೆ ಫೋನಿನಲ್ಲಿ ಹೇಳಿದಾಗ ನಾನು ಬಸ್ಸೊಂದಕ್ಕೆ ದಾರಿ ಹೇಳುತ್ತಿದ್ದೆ. ಆ ಬಸ್ಸು ಎಲ್ಲಿಗೆ ಹೋಯಿತೋ ನನಗೆ ಇವತ್ತಿಗೂ ತಿಳಿಯದು. ಮನಸ್ಸಿನಲ್ಲಿ ಇದ್ದದ್ದು ಆ ಸ್ಟೀಲ್ ಡಬ್ಬಿ ಒಂದೇ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವರಿಗೆ ಏನೂ ಆಗದಿರಲಪ್ಪ ಎಂದು ಬೇಡಿಕೊಂಡೆ. ನಾಚಿಕೆಯ ವಿಷಯವೆಂದರೆ, ನಡುನಡುವೆ ನನ್ನ ಹೆಸರು ಹೊರಗೆ ಬಾರದಿರಲಪ್ಪ ಎಂದೂ ಬೇಡಿಕೊಂಡೆ.

ನಾನು ಹೋಗುವ ಹೊತ್ತಿಗೆ ಅಲ್ಲಿನ ಡಾಕ್ಟರು ಮಂಚದ ಪಕ್ಕದಲ್ಲೇ ಇದ್ದರು, ಚಿಕ್ಕ ವಯಸ್ಸಿನವರು. ಶಾಂತಕ್ಕ ಬಿಳಿಚಿಕೊಂಡಿದ್ದರೂ ಎಚ್ಚರವಾಗಿದ್ದರು. ಅಪಾಯ ಕಳೆದಿತ್ತು. ಸೊಸೆ ಮನೆಯಿಂದ ತಂದಿದ್ದ ಮಾತ್ರೆ ಶೀಟನ್ನು ಕೈಯಲ್ಲಿ ಹಿಡಿದು ಡಾಕ್ಟರು ಅವಳಿಗೆ ಬಿಡಿಸಿ ಹೇಳುತ್ತಿದ್ದರು. ಇವರು ಮೊದಲೇ ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಮೊಣಕಾಲಿಗೆ ಗದಗಿನ ಡಾಕ್ಟರು ಕೊಟ್ಟದ್ದೂ ಒಂದಿದೆ. ಅದರ ಮೇಲೆ ಈ ಶೀಟಿನದೂ ಸೇರಿದೆ. ಹೆಸರು ಬೇರೆ, ಒಳಗಿನ ಔಷಧಿ ಗದಗಿನ ಡಾಕ್ಟರು ಕೊಟ್ಟದ್ದೇ, ಹೀಗಾಗಿ ಎರಡರಷ್ಟಾಗಿ ಹೊಟ್ಟೆಯಲ್ಲಿ ರಕ್ತ ಒಸರಿದೆ. ಇದನ್ನು ಕೊಟ್ಟವರು ಯಾರು ಎಂದು ಶಾಂತಕ್ಕನ ಕಡೆ ತಿರುಗಿದರು.

ಶಾಂತಕ್ಕ ನನ್ನನ್ನು ಒಮ್ಮೆ ನೋಡಿ ಸೂರಿನ ಕಡೆ ಕಣ್ಣು ಹಾಯಿಸಿದರು. “ಗೊತ್ತಿದ್ದವ್ರು ಕೊಟ್ಟಾರ್ರಿ,” ಎಂದರು.

“ಗೊತ್ತಿರೋರು ಅಂದ್ರೆ ಏನಮ್ಮ? ನಿಮಗೆ ಗೊತ್ತಿರೋರಾ, ಇಲ್ಲ ಔಷಧಿ ಗೊತ್ತಿರೋರಾ?”

ಕನ್ನಡದ ಒಂದು ಪದ ನನ್ನನ್ನು ಹಾಗೆ ನಡು ವಾರ್ಡಿನಲ್ಲಿ ನಿಲ್ಲಿಸಿಬಿಡುತ್ತದೆಂದು ನಾನೆಣಿಸಿರಲಿಲ್ಲ. ಇಷ್ಟು ವರ್ಷ ನಾನು ಬದುಕಿದ್ದೇ ಆ ಎರಡು ಅರ್ಥಗಳ ಮಧ್ಯದ ಸಂದಿಯಲ್ಲಿ. ಶಾಂತಕ್ಕ ಬಾಯಿ ಬಿಡುವಂತೆ ಕಾಣಲಿಲ್ಲ. ಅವರು ನನ್ನನ್ನು ಕಾಪಾಡುತ್ತಿದ್ದರು, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗಲೂ.

“ನಾನೇ ಸಾರ್ ಕೊಟ್ಟಿದ್ದು,” ಎಂದೆ.

ನೀವು ಡಾಕ್ಟರಾ ಎಂದು ಕೇಳಿದರು. ಅಲ್ಲ ಎಂದೆ. ಮೆಡಿಕಲ್ ಶಾಪಿನವರಾ ಎಂದರು. ಅಲ್ಲ ಎಂದೆ. ಇನ್ನು ಸುಮ್ಮನಿದ್ದರೆ ಗೆಳತಿಯ ಮರ್ಯಾದೆ ಹೋಗುತ್ತದೆಂದು ಶಾಂತಕ್ಕನಿಗೆ ಅನ್ನಿಸಿರಬೇಕು. ಇದ್ದ ಶಕ್ತಿಯನ್ನೆಲ್ಲ ಸೇರಿಸಿ, “ಅವ್ರು ಗುಳಿಗಿ ಕಂಪನಿಯೊಳಗ ದೊಡ್ಡ ಕೆಲಸದಾಗ ಅದಾರ್ರಿ,” ಎಂದರು.

“ಬಸ್ ನೋಡ್ಕೋತೀನಿ ಸಾರ್,” ಎಂದೆ. “ಕಂಪನಿ ಬಸ್.”

ಡಾಕ್ಟರು ನನ್ನನ್ನು ಬೈಯದೆ ಶೀಟನ್ನು ಸೊಸೆಯ ಕೈಗೆ ವಾಪಸ್ಸು ಕೊಟ್ಟರು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಸೊಸೆ ಮೊಬೈಲಿನಲ್ಲಿ ಏನನ್ನೋ ಹುಡುಕತೊಡಗಿದಳು. ಶಾಂತಕ್ಕ ಮಾತ್ರ ನನ್ನನ್ನು ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇಷ್ಟು ದಿನ ಯಾರ ಮನೆಗೆ ಹೋಳಿಗೆ ಕೊಟ್ಟೆ ಎಂದು ಲೆಕ್ಕ ಹಾಕುತ್ತಿದ್ದಂತಿತ್ತು. ನನಗೆ ಮಂಚದ ಕೆಳಗೆ ಹೋಗಿ ಕೂರೋಣ ಎನ್ನಿಸಿತು. ಕೂತರೆ ಏಳಲಾಗುವುದಿಲ್ಲವೆಂದು ನಿಂತೇ ಇದ್ದೆ.

ಅವರು ಮನೆಗೆ ಬಂದಮೇಲೆ ಮೆತ್ತಗೆ ಬೇಯಿಸಿದ ಹೆಸರುಬೇಳೆ ಗಂಜಿಯನ್ನು ನನ್ನದೇ ಡಬ್ಬಿಯಲ್ಲಿ ಕೊಟ್ಟು ಬಂದೆ. ಅದಕ್ಕೆ ಉಪ್ಪು ಹಾಕುವ ಮುಂಚೆ ಅವರ ಸೊಸೆಯನ್ನು ಕೇಳಿದ್ದೆ. ಎರಡು ದಿನ ಬಿಟ್ಟು ಶಾಂತಕ್ಕನೇ ನಿಧಾನಕ್ಕೆ ನಡೆದು ಬಂದು ಬೆಲ್ ಮಾಡಿದರು. ಕ್ಷಮೆ ಕೇಳಲು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ನನಗೆ ಮರೆತುಹೋಯಿತು. ತಪ್ಪಾಯ್ತು ಶಾಂತಕ್ಕ ಎಂದಷ್ಟೇ ಅಂದೆ. ಅವರು ಡಬ್ಬಿಯನ್ನು ನನ್ನ ಕೈಗಿಟ್ಟರು. ಥಳಥಳ ಹೊಳೆಯುವಂತೆ ತೊಳೆದಿದ್ದರು.

“ಖಾಲಿ ಡಬ್ಬಿ ಕೊಡಬಾರದು ನೋಡ್ರಿ,” ಎಂದು ನಕ್ಕು ಹೊರಟರು.

ಕ್ಷಮಿಸಿದ್ದಾರೆಂದು ನನ್ನ ಜೀವ ನಿರಾಳವಾಯಿತು. ಆಗಲೇ ಬಾಯಲ್ಲಿ ನೀರೂ ಬಂತು. ಶೇಂಗಾ ಹೋಳಿಗೆಯೇ ಇರಬೇಕೆಂದು ನಮ್ಮ ಯಜಮಾನರನ್ನೂ ಕೂಗಿ, ತುಪ್ಪ ತೆಗೆದಿಟ್ಟು ಮುಚ್ಚಳ ತೆರೆದೆ. ಒಳಗೆ ನಾನು ಕೊಟ್ಟಿದ್ದ ಅದೇ ಶೀಟು, ಅವರು ನುಂಗಿದ್ದು ಬಿಟ್ಟು ಉಳಿದ ಮಾತ್ರೆಗಳೊಂದಿಗೆ ಮಲಗಿತ್ತು.

ಏನು ಕೊಟ್ಟಿದ್ದಾರೆ ಎಂದು ಇವರು ತಟ್ಟೆ ಹಿಡಿದು ಬಂದರು. ನಾನು ಕೊಟ್ಟದ್ದನ್ನೇ ಕೊಟ್ಟಿದ್ದಾರೆ ಎಂದೆ.