ಊಟ ಬಿಟ್ಟು ಎದ್ದು ಹೋದವರು ಯಾರು?

ಹಳೆಯ ವಿಡಿಯೋ ಕ್ಯಾಸೆಟ್ಟು ಹಿಡಿದು ಬರುವವರು ಯಾರೂ ಬರೀ ಕ್ಯಾಸೆಟ್ಟು ತರುವುದಿಲ್ಲ. ಜೊತೆಗೆ ಒಂದು ಜಗಳವನ್ನೋ ಒಂದು ಹರಕೆಯನ್ನೋ ತರುತ್ತಾರೆ. ಹಾಗಾಗಿ ಕೊಪ್ಪಳದ ನನ್ನ ಅಂಗಡಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಬೇಡವೆಂದರೂ ನಿಲ್ಲುವುದಿಲ್ಲ.

ಕೆಲಸ ಸರಳ. ವಿಸಿಆರ್‌ನಲ್ಲಿ ಕ್ಯಾಸೆಟ್ಟು ಓಡಿಸಿ ಕಂಪ್ಯೂಟರಿಗೆ ಇಳಿಸುವುದು, ಅಲ್ಲಿಂದ ಡಿವಿಡಿ ಮಾಡುವುದು. ಮೂರು ತಾಸಿನ ಮದುವೆ ಇಳಿಯಲು ಮೂರು ತಾಸೇ ಬೇಕು. ಮಂದಿಯ ಬೀಗರು ಉಣ್ಣುವುದನ್ನು ನನ್ನಷ್ಟು ನೋಡಿದವರು ಈ ಜಿಲ್ಲೆಯಲ್ಲಿ ಇರಲಾರರು. ಎಲ್ಲರೂ ಡಿವಿಡಿಯೇ ಬೇಕೆನ್ನುತ್ತಾರೆ. ಯಾರ ಮನೆಯಲ್ಲೂ ಡಿವಿಡಿ ಪ್ಲೇಯರ್ ಇಲ್ಲ. ಕೊನೆಗೆ ಪೆನ್‌ಡ್ರೈವಿಗೂ ಹಾಕಿಸಿಕೊಂಡು ಹೋಗಿ, ಡಿವಿಡಿಯನ್ನು ದಾಳಿಂಬೆ ಗಿಡಕ್ಕೆ ಕಟ್ಟಿ ಹಕ್ಕಿ ಓಡಿಸುತ್ತಾರೆ.

ಲೈನ್‌ಮನ್ ಮನೆಯ ಕತ್ತಲೆ

ಯಲಬುರ್ಗಾ ಕಡೆಯ ಮಂಗಳೂರಿನಿಂದ ಗಂಡ ಹೆಂಡತಿ ಬಂದರು. ಆತ ನಿವೃತ್ತ ಲೈನ್‌ಮನ್. ಕ್ಯಾಸೆಟ್ಟು ಹೆಂಡತಿಯ ಕೈಚೀಲದಲ್ಲಿತ್ತು. ಗಂಡನ ಕೈಗೆ ಕೊಡುವಷ್ಟು ನಂಬಿಕೆ ಆಕೆಗೆ ಇದ್ದಂತೆ ಕಾಣಲಿಲ್ಲ.

"ನಮ್ಮ ಮದಿವಿದ್ರಿ ಸರ. ಎಲ್ಲಾ ಬ್ಯಾಡ. ಮಂದಿ ಉಣ್ಣಾಕ ಕೂತದ್ದಷ್ಟ ಮೊದಲ ತೋರಿಸ್ರಿ" ಎಂದಳು.

ಸಂಗತಿ ಇಷ್ಟು. ಮೂವತ್ತು ವರ್ಷದ ಹಿಂದೆ ಅವರ ಮದುವೆಯ ಊಟದ ಹೊತ್ತಿನಲ್ಲಿ ಯಾರೋ ಹಿರಿಯರು ಮುನಿಸಿಕೊಂಡು ಹಂದರ ಬಿಟ್ಟು ಹೋಗಿದ್ದರು. ಹೆಂಡತಿಯ ಪ್ರಕಾರ ಹೋದದ್ದು ಗಂಡನ ಅಪ್ಪ. ಗಂಡನ ಪ್ರಕಾರ ಹೋದದ್ದು ಹೆಂಡತಿಯ ಅಪ್ಪ. ಇಬ್ಬರೂ ಕಣ್ಣಾರೆ ನೋಡಿದವರೇ. ಆ ಇಬ್ಬರು ಬೀಗರೂ ಈಗಿಲ್ಲ. ಇದ್ದಾಗ ಇಬ್ಬರೂ ಹೇಳಿದ್ದು ಒಂದೇ ಮಾತು: "ನಾ ಸಿಟ್ಟಾಗಿದ್ದಿಲ್ಲ. ಸಿಟ್ಟಾದವರನ್ನ ಕರಿಯಾಕ ಹೋಗಿದ್ನಿ."

ಈಗ ಮಗಳ ಮದುವೆ ಇಪ್ಪತ್ತು ದಿನಕ್ಕೆ ಬಂದಿತ್ತು. ನಿಶ್ಚಯದ ದಿನ ಗಂಡನ ಅಣ್ಣ ಹೆಂಡತಿಯ ಅಣ್ಣನಿಗೆ, "ಈ ಸಲರ ನಿಮ್ಮವರು ಪೂರ್ತಿ ಕೂತು ಉಣ್ಣಲಿ" ಎಂದು ನಕ್ಕಿದ್ದ. ಹೆಂಡತಿಯ ಅಣ್ಣ ಅಲ್ಲಿಂದಲೇ ಎದ್ದು ಹೋದ. ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಹಂದರದಲ್ಲಿ ಕಾಲಿಡುವುದಿಲ್ಲವಂತೆ. ಅವರು ತಪ್ಪು ಒಪ್ಪಿಕೊಳ್ಳುವ ತನಕ ಗಂಡನ ಅಣ್ಣನೂ ಬರುವುದಿಲ್ಲವಂತೆ.

"ಸೋದರಮಾವ ಬರದಿದ್ರ ನನ್ನ ಮಗಳನ್ನ ಹಂದರಕ್ಕ ಯಾರು ಕರಕೊಂಡು ಬರ್ತಾರ್ರಿ?" ಎಂದಳು ಹೆಂಡತಿ.

"ಮೂವತ್ತು ವರ್ಷ ಇದನ್ನ ಒಮ್ಮೆನೂ ನೋಡಿಲ್ಲೇನ್ರಿ?" ಎಂದೆ.

ಮದುವೆಯಾದ ಹೊಸದರಲ್ಲಿ ಒಮ್ಮೆ ವಿಸಿಆರ್ ಬಾಡಿಗೆಗೆ ತಂದಿದ್ದರಂತೆ. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ತನಕ ನೋಡಿದ್ದರು, ಕರೆಂಟ್ ಹೋಯಿತು. ಕಂಬ ಹತ್ತಲು ಈತನೇ ಹೋಗಬೇಕಾಯಿತು. ಇಳಿದು ಬರುವಷ್ಟರಲ್ಲಿ ಬಾಡಿಗೆಯವನು ವಿಸಿಆರ್ ಹೊತ್ತುಕೊಂಡು ಹೋಗಿದ್ದ.

"ಊರ ಮಂದಿ ಮನಿಗೆಲ್ಲಾ ಬೆಳಕು ಕೊಟ್ರು ಸರ," ಎಂದಳು ಹೆಂಡತಿ, "ನಮ್ಮ ಮದಿವಿ ಅಷ್ಟ ಕತ್ತಲದಾಗ ಇಟ್ರು."

ಬೇಡಿದ್ದು ಕೊಡುವ ಕ್ಯಾಸೆಟ್ಟು

ಅವರ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಬಿಚ್ಚಿ, ಒರೆಸಿ, ಒಣಗಿಸಲು ಒಂದು ವಾರ ಬೇಕು ಎಂದು ಹೇಳಿ ಕಳಿಸಿದೆ. ವಾರ ಬಿಟ್ಟು ಬಂದರು. ಆ ಹೊತ್ತಿಗೆ ನನ್ನ ವಿಸಿಆರ್ ಮಲಗಿತ್ತು. ಕೆಲಸ ಮಾಡುವುದು ನನ್ನ ಹತ್ತಿರ ಇರುವುದೇ ಒಂದು. ಅದಕ್ಕೆ ಕಾರಣ ಕುಷ್ಟಗಿಯ ಒಬ್ಬ ಭಕ್ತ.

ಆತ ಹಿಂದಿನ ದಿನ ಕೆಂಪು ವಸ್ತ್ರದಲ್ಲಿ ಸುತ್ತಿದ ಕ್ಯಾಸೆಟ್ಟು ತಂದಿದ್ದ. ಅದರಲ್ಲಿ ತೀರಿಹೋದ ಅಜ್ಜಿ ಹುಲಿಗಿಯ ಗುಡಿಯಲ್ಲಿ ಉದ್ದಂಡ ಬಿದ್ದು ದೀಡ ನಮಸ್ಕಾರ ಹಾಕಿದ್ದು ಇದೆ ಎಂದ. ಅಜ್ಜಿ ಹೋದ ಮೇಲೆ ಅದನ್ನು ಜಗುಲಿಯ ಮೇಲೆ ದೇವರ ಪಕ್ಕ ಇಟ್ಟಿದ್ದರು. ಪ್ರತಿ ಮಂಗಳವಾರ, ಶುಕ್ರವಾರ ಅರಿಶಿನದ ಭಂಡಾರ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದರು. ಇಪ್ಪತ್ತು ವರ್ಷ.

"ಮ್ಯಾಲಷ್ಟ ಹಚ್ಚೀರೋ, ಒಳಗೂ ಹಚ್ಚೀರೋ?"

"ಎಲ್ಲೆಲ್ಲಿ ತೂತು ಕಾಣ್ತಾವ, ಅಲ್ಲೆಲ್ಲಾ ಹಾಕೇವ್ರಿ."

ಹೊರಗಿನದನ್ನು ಒರೆಸಿದೆ, ಕೊಡವಿದೆ, ಸಾಕು ಅಂದುಕೊಂಡೆ. ವಿಸಿಆರ್‌ಗೆ ಹಾಕಿದ ಕೂಡಲೇ ಅದು ಒಂದು ಸಲ ಕೆಮ್ಮಿ, ಬಾಯಿಂದ ಹಳದಿ ಹೊಗೆ ಬಿಟ್ಟು ನಿಂತಿತು. ಮೂರು ದಿನ ಬಿಚ್ಚಿ ತೊಳೆದೆ. ಲೈನ್‌ಮನ್ ದಂಪತಿ ನನ್ನ ಎದುರು ಕೂತು, ಸಂಬಂಧಿಕರ ಆಪರೇಷನ್ನಿಗೆ ಬಂದವರಂತೆ ನೋಡುತ್ತಿದ್ದರು. ಮೂರನೆಯ ದಿನ ವಿಸಿಆರ್ ಎದ್ದಿತು. ಭಕ್ತನನ್ನು ಕರೆಸಿ, ಈ ಸಲ ಒಳಗೂ ಒರೆಸಿ ಅಜ್ಜಿಯ ಕ್ಯಾಸೆಟ್ಟು ಓಡಿಸಿದೆ.

ಅಜ್ಜಿ ಇರಲಿಲ್ಲ. ಹುಲಿಗಿಯೂ ಇರಲಿಲ್ಲ. ಬಿಳಿ ಕೋಟು ಹಾಕಿದವನೊಬ್ಬ ಕೋಳಿ ಸಾಕಣೆಯ ತರಬೇತಿ ಕೊಡುತ್ತಿದ್ದ. ಮರಿಗಳಿಗೆ ಯಾವ ವಾರ ಯಾವ ಔಷಧಿ ಎಂಬುದು ಬಹಳ ಸ್ಪಷ್ಟವಾಗಿತ್ತು.

ಭಕ್ತ ಐದು ನಿಮಿಷ ನೋಡಿದ. ಕ್ಯಾಸೆಟ್ಟು ಹೊರಗೆ ತೆಗೆಸಿದ. ಕಣ್ಣಿಗೊತ್ತಿಕೊಂಡು ಮತ್ತೆ ಕೆಂಪು ವಸ್ತ್ರದಲ್ಲಿ ಸುತ್ತಿದ.

"ಮತ್ತ ಜಗಲಿ ಮ್ಯಾಲ ಇಡ್ತೀರೇನ್ರಿ?" ಎಂದೆ.

"ಇಡದಿದ್ರ ಹೆಂಗ್ರಿ? ಇಷ್ಟು ವರ್ಷ ಬೇಡಿದ್ದೆಲ್ಲಾ ಕೊಟ್ಟೈತಿ."

ನೆನಪಾದಾಗೊಮ್ಮೆ

ಲೈನ್‌ಮನ್ ದಂಪತಿಯ ಕ್ಯಾಸೆಟ್ಟು ಹಾಕಬೇಕು ಅನ್ನುವಷ್ಟರಲ್ಲಿ ಗಂಗಾವತಿಯ ಇನ್ನೊಂದು ದಂಪತಿ ಒಳಗೆ ಬಂದರು. ಆತನದು ಕಬ್ಬಿಣ ಕಡೆಯುವ ಲೇತ್ ಅಂಗಡಿ. ಕ್ಯಾಸೆಟ್ಟು ಮೊದಲೇ ಕೊಟ್ಟಿದ್ದರು, ನಾನು ಇಳಿಸಿಯೂ ಇಟ್ಟಿದ್ದೆ. ಒಮ್ಮೆ ನೋಡಿ ಒಯ್ಯುತ್ತೇವೆ ಎಂದರು. ಕಂಪ್ಯೂಟರಿನಲ್ಲಿ ಹಾಕಿದೆ.

ನಿಕಾಹಿನ ವಿಡಿಯೋ. ಗಂಡಸರು ಕೂತಿದ್ದಾರೆ. ಖಾಜಿ ಬರುತ್ತಾರೆ. ಗಂಡಸರು ಅಪ್ಪಿಕೊಳ್ಳುತ್ತಾರೆ. ಆಮೇಲೆ ಬಿರ್ಯಾನಿ ಬೇಯಿಸುವ ದೊಡ್ಡ ಹಂಡೆ, ದೇಗ್. ಅದನ್ನು ಎದುರಿನಿಂದ, ಪಕ್ಕದಿಂದ, ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು ತೋರಿಸಿದ್ದರು. ಹೆಂಗಸರ ಕಡೆ ವಿಡಿಯೋದವನನ್ನು ಬಿಟ್ಟಿರಲಿಲ್ಲ.

"ಸರ, ನನ್ನ ಮದಿವ್ಯಾಗ ನಾ ಎಲ್ಲಿ ಅದೀನಿ?" ಎಂದಳು ಹೆಂಡತಿ.

"ನೀ ಒಳಗ ಅದೀ" ಎಂದ ಗಂಡ.

"ದೇಗ್ ಹೊರಗ ಐತಲ್ಲ!"

ಅಷ್ಟರಲ್ಲಿ ಊಟಕ್ಕೆ ಹಾಸಿದ ದಸ್ತರಖಾನ್ ಬಂತು. ನಡುವೆ ಮದುಮಗ, ಅಂದರೆ ಈತ, ಮುಖದ ಮೇಲೆ ಇಳಿಬಿದ್ದ ಹೂವಿನ ಸೆಹ್ರಾವನ್ನು ಎರಡು ಬದಿಗೆ ಸರಿಸಿ ಕಿವಿಗೆ ಸಿಕ್ಕಿಸಿಕೊಂಡು ಉಣ್ಣುತ್ತಿದ್ದ. ಬಡಿಸುವವರು ಬಂದರು, ಹಾಕಿಸಿಕೊಂಡ. ಮತ್ತೆ ಬಂದರು, ಮತ್ತೆ ಹಾಕಿಸಿಕೊಂಡ. ಮೂರನೆಯ ಸಲ ಅವರು ಮುಂದೆ ಹೋಗಿಬಿಟ್ಟಿದ್ದರು, ಈತನೇ ಕೂಗಿ ಕರೆದ.

ಆಕೆ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ಅವತ್ತು ನನ್ನ ನೆನಪಿನ್ಯಾಗ ಒಂದ ಅಗಳೂ ಗಂಟಲದಾಗ ಇಳೀಲಿಲ್ಲ ಅಂದಿದ್ರಿ. ಇಪ್ಪತ್ತಾರು ವರ್ಷ ಅದನ್ನ ಹೇಳಿದ್ರಿ."

ಲೇತಿನಲ್ಲಿ ಕೈ ತಪ್ಪದವನ ಬಾಯಿಯೂ ತಪ್ಪಲಿಲ್ಲ. "ಒಮ್ಮೆ ಇಳೀಲಿಲ್ಲ, ಖರೇ ಐತಿ. ಆಮ್ಯಾಲೆ ನಿನ್ನ ನೆನಪಾದಾಗೊಮ್ಮೆ ಹಾಕಿಸಿಕೊಂಡೆ."

ಲೈನ್‌ಮನ್ ಹೆಂಡತಿ ಮೂಲೆಯಿಂದ ನಿಟ್ಟುಸಿರು ಬಿಟ್ಟಳು. "ನಿಮ್ಮ ಮದಿವ್ಯಾಗ ಉಂಡದ್ದಕ್ಕ ಜಗಳ. ನಮ್ಮಲ್ಲಿ ಉಣ್ಣದ್ದಕ್ಕ."

ತಮ್ಮನನ್ನು ತೆಗೆಯುವುದು

ಅವರು ಹೋದ ಮೇಲೆ ಲೈನ್‌ಮನ್ ಕ್ಯಾಸೆಟ್ಟು ಹಾಕುವಷ್ಟರಲ್ಲಿ ನಮ್ಮ ಓಣಿಯ ಕರೆಂಟ್ ಹೋಯಿತು. ಲೈನ್‌ಮನ್ ತಲೆ ತಗ್ಗಿಸಿ ಕೂತ. ಗಂಡ ಹೆಂಡತಿ ಮರುದಿನ ಮತ್ತೆ ಬಂದರು. ಅವರಿಗಿಂತ ಮುಂಚೆ ಗಂಗಾವತಿಯ ನಿವೃತ್ತ ಮಾಸ್ತರರೊಬ್ಬರು ಬಂದು ಕೂತಿದ್ದರು.

ಅವರದು ಗೃಹಪ್ರವೇಶದ ಕ್ಯಾಸೆಟ್ಟು. ತಮ್ಮನ ಜೊತೆ ಮಾತು ಬಿಟ್ಟಿದ್ದರು. "ಡಿವಿಡ್ಯಾಗ ಆ ಮನುಷ್ಯಾನ ಮಾರಿ ಎಲ್ಲೂ ಕಾಣಬಾರದು" ಎಂದು ಹೇಳಿ ಹೋಗಿದ್ದರು. ಕತ್ತರಿಸುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಆ ತಮ್ಮ ಎಲ್ಲ ಕಡೆಯೂ ಇದ್ದ. ಹಾಲು ಉಕ್ಕಿಸಲು ಒಲೆ ಹೊತ್ತಿಸಿದ್ದು ಆತ. ಹಂಡೆ ಹೊತ್ತದ್ದು, ತೋರಣ ಕಟ್ಟಿದ್ದು, ಬೀರು ಮಹಡಿಗೆ ಏರಿಸಿದ್ದು ಆತ. ಎರಡೂವರೆ ತಾಸಿನ ಗೃಹಪ್ರವೇಶ ಹನ್ನೆರಡು ನಿಮಿಷಕ್ಕೆ ಬಂತು.

ಹಾಕಿ ತೋರಿಸಿದೆ. ಹನ್ನೆರಡು ನಿಮಿಷವೂ ಮಾಸ್ತರರು ಕುರ್ಚಿಯಲ್ಲಿ ಕೂತಿದ್ದರು. ಅಂಗಳದಲ್ಲಿದ್ದ ಬೀರು ಕಣ್ಣು ಮಿಟುಕಿಸುವುದರಲ್ಲಿ ಮಹಡಿಯಲ್ಲಿತ್ತು. ಯಾರೂ ಹೊತ್ತಿಸದ ಒಲೆಯ ಮೇಲೆ ಹಾಲು ತಾನಾಗಿಯೇ ಉಕ್ಕಿತು.

ಮಾಸ್ತರರು ಕನ್ನಡಕ ಒರೆಸಿಕೊಂಡು, ಹಾಲು ಉಕ್ಕುವುದನ್ನು ಇನ್ನೊಮ್ಮೆ ಹಾಕಿಸಿ ನೋಡಿದರು.

"ವಾಪಸ್ ಹಾಕ್ರಿ ಅವನ್ನ" ಎಂದರು ಕೊನೆಗೆ. "ನೋಡಿದ ಮಂದಿ ಮನ್ಯಾಗ ದೆವ್ವ ಐತಿ ಅಂದಾರು."

ಹಂದರ ಬಿಟ್ಟು ಹೋದದ್ದು

ಲೈನ್‌ಮನ್ ಮಗಳ ಮದುವೆಗೆ ಇನ್ನು ಆರೇ ದಿನ. ಕ್ಯಾಸೆಟ್ಟು ಸಿದ್ಧವಿತ್ತು. ತಾವಿಬ್ಬರೇ ನೋಡಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದು ದಂಪತಿ ಮಾಸ್ತರರು ಬಂದ ದಿನ ನೋಡದೆ ಹೋಗಿ, ಇಬ್ಬರು ಅಣ್ಣಂದಿರನ್ನೂ ಕರೆಸಿದ್ದರು. ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬಂದರು. ನನ್ನ ಸಣ್ಣ ಅಂಗಡಿಯಲ್ಲಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂರಲು ಜಾಗವಿಲ್ಲ. ಆದರೂ ಕೂತರು.

"ನಮ್ಮಪ್ಪನ ತಪ್ಪಿದ್ರ ನಿಮ್ಮ ಕಾಲು ಹಿಡೀತೀನಿ" ಎಂದ ಹೆಂಡತಿಯ ಅಣ್ಣ, ಗೋಡೆಗೆ.

"ನಮ್ಮಪ್ಪನ ತಪ್ಪಿದ್ರ ನಾನೂ ಅಷ್ಟ" ಎಂದ ಗಂಡನ ಅಣ್ಣ, ಬಾಗಿಲಿಗೆ.

ಕ್ಯಾಸೆಟ್ಟು ಓಡಿತು. ಅಕ್ಕಿಕಾಳು ಮುಗಿಯಿತು. ಪಂಕ್ತಿ ಕೂತಿತು. ಇಬ್ಬರು ಬೀಗರೂ ನಿಂತು ಬಡಿಸುವವರಿಗೆ ಅಪ್ಪಣೆ ಕೊಡುತ್ತಿದ್ದರು. ಅಲ್ಲಿಯ ತನಕ ಎಲ್ಲ ನೆಟ್ಟಗಿತ್ತು. ಒಮ್ಮೆಲೇ ಚಿತ್ರ ಅಡ್ಡಡ್ಡವಾಯಿತು. ನಾಲ್ಕು ತಲೆಗಳೂ ಬಲಕ್ಕೆ ವಾಲಿದವು. ಎರಡು ಮನೆಯವರು ಒಂದೇ ಕಡೆ ವಾಲಿದ್ದು ಬಹುಶಃ ಅದೇ ಮೊದಲು.

ಕ್ಯಾಮೆರಾದ ತೀರ ಹತ್ತಿರದಿಂದ ಒಂದು ದನಿ ಕೇಳಿತು.

"ಮುಂಜಾಲಿಂದ ಒಂದ ಕಪ್ ಚಾ ಇಲ್ಲ. ಅವರು ಉಣ್ಣೂದು ತೆಗಿ, ಇವರು ಉಣ್ಣೂದು ತೆಗಿ! ನೀನೂ ಉಣ್ಣಪಾ ಅಂದವರು ಒಬ್ಬರ ಅದಾರೇನು? ನಿಮ್ಮ ಮದಿವಿ ನೀವ ತಕ್ಕೋರಿ!"

ವಿಡಿಯೋದವನು ಕ್ಯಾಮೆರಾ ಹೆಗಲಿಗೆ ಜೋತುಹಾಕಿಕೊಂಡು ನಡೆದಿದ್ದ. ಸಿಟ್ಟಿನಲ್ಲಿ ಬಂದ್ ಮಾಡುವುದನ್ನು ಮರೆತಿದ್ದ. ಕ್ಯಾಮೆರಾದ ಕಣ್ಣು ಹಿಂದಕ್ಕೆ ನೋಡುತ್ತಿತ್ತು. ಹಂದರ ಕುಣಿಯುತ್ತಾ ದೂರ ಸರಿಯಿತು. ಹಂದರದ ಬಾಗಿಲಿನಿಂದ ಮೊದಲು ಗಂಡನ ಅಪ್ಪ ಧೋತರ ಎತ್ತಿ ಹಿಡಿದು ಓಡಿಬಂದ. ಅವನ ಹಿಂದೆ ಹೆಂಡತಿಯ ಅಪ್ಪ, ಕೈಯಲ್ಲಿ ಹೋಳಿಗೆಯ ತಾಟು.

"ತಮ್ಮಾ, ನಿಲ್ಲೋ!"

"ಎರಡ ಹೋಳಿಗಿ ತಿಂದು ಹೋಗಪಾ, ಕೈ ಮುಗೀತೀನಿ!"

ಗಂಡನ ಅಪ್ಪನ ಒಂದು ಚಪ್ಪಲಿ ಕಳಚಿಬಿತ್ತು. ಹಿಂದೆ ಬರುತ್ತಿದ್ದ ಬೀಗ ಅದನ್ನು ಎತ್ತಿಕೊಂಡ. ಒಂದು ಕೈಯಲ್ಲಿ ಬೀಗರ ಚಪ್ಪಲಿ, ಇನ್ನೊಂದು ಕೈಯಲ್ಲಿ ಹೋಳಿಗೆ ಹಿಡಿದು ಮತ್ತೆ ಓಡಿದ. ಬಸ್ಸಿನ ಹಾರ್ನ್ ಕೇಳಿತು. ಪರದೆ ನೀಲಿಯಾಯಿತು.

ಇಬ್ಬರು ಅಣ್ಣಂದಿರೂ ಮೊದಲ ಸಲ ಎದುರುಬದುರಾಗಿ ತಿರುಗಿದರು.

"ನಮ್ಮಪ್ಪ ನಿಮ್ಮಪ್ಪನ ಚಪ್ಪಲಿ ಹಿಡದಾನ" ಎಂದ ಹೆಂಡತಿಯ ಅಣ್ಣ, ತಣ್ಣಗೆ. ಲೈನ್‌ಮನ್ ಕಣ್ಣು ಮುಚ್ಚಿಕೊಂಡ. ಇನ್ನೊಂದು ಮೂವತ್ತು ವರ್ಷಕ್ಕೆ ಆಗುವಷ್ಟು ಸರಕು ಅದರಲ್ಲಿತ್ತು.

ಗಂಡನ ಅಣ್ಣ ಗಂಟಲು ಸರಿಮಾಡಿಕೊಂಡ. "ಹಿಡದಿದ್ದಕ್ಕ ನಮ್ಮಪ್ಪ ಎರಡೂ ಕಾಲಾಗ ಮೆಟ್ಟಿಕೊಂಡು ಮನಿಗೆ ಬಂದಾನ. ಇಲ್ಲಂದ್ರ ಮುಳ್ಳು ತುಳೀತಿದ್ದ. ದೊಡ್ಡ ಮನಸ್ಸು ನಿಮ್ಮಪ್ಪಂದು."

ಮೊದಲು ನಕ್ಕದ್ದು ಹೆಂಡತಿ. ನಕ್ಕು ನಕ್ಕು ಸ್ಟೂಲಿನಿಂದ ಕೆಳಗೆ ಕೂತಳು. ಆಮೇಲೆ ಅಣ್ಣಂದಿರು ಶುರುವಾದರು. ಓಟವನ್ನು ನನ್ನಿಂದ ಏಳು ಸಲ ಹಾಕಿಸಿದರು. ಪ್ರತಿ ಸಲವೂ "ಈಗ ಚಪ್ಪಲಿ, ಈಗ ಚಪ್ಪಲಿ" ಎಂದು ಮುಂಚೆಯೇ ಕೂಗಿದರು.

ಇಬ್ಬರು ಹಿರಿಯರೂ ಹೇಳಿದ್ದು ಖರೆಯೇ. ಸಿಟ್ಟಾದವರನ್ನು ಕರೆಯಲು ಹೋಗಿದ್ದೆ ಎಂದರು. ಯಾರನ್ನು ಎಂದು ಮಾತ್ರ ಹೇಳಲಿಲ್ಲ. ವಿಡಿಯೋದವನ ಬೆನ್ನು ಹತ್ತಿ ಓಡಿದೆ ಎಂದು ಯಾವ ಬೀಗ ಬಾಯಿಬಿಟ್ಟು ಹೇಳಿಯಾನು? ಇತ್ತ ಗಂಡ ನೋಡಿದ್ದು ತನ್ನ ಮಾವ ಹಂದರ ದಾಟಿದ್ದನ್ನು. ಹೆಂಡತಿ ನೋಡಿದ್ದು ತನ್ನ ಮಾವ ಹಂದರ ದಾಟಿದ್ದನ್ನು. ವಿಡಿಯೋದವನನ್ನು ಯಾರೂ ನೋಡಿರಲಿಲ್ಲ. ಅವನನ್ನು ಯಾವ ಮದುವೆಯಲ್ಲೂ ಯಾರೂ ನೋಡುವುದಿಲ್ಲ.

ಮಗಳ ಮದುವೆಗೆ ನನ್ನನ್ನೂ ಕರೆದಿದ್ದರು, ಹೋದೆ. ಬೆಳಗ್ಗೆ ಹತ್ತಕ್ಕೇ, ಅಕ್ಕಿಕಾಳಿಗೆ ಎರಡು ತಾಸು ಮುಂಚೆ, ಹೊಸ ವಿಡಿಯೋದವನನ್ನು ಒಬ್ಬನನ್ನೇ ಪಂಕ್ತಿಯಲ್ಲಿ ಕೂರಿಸಿದ್ದರು. ಸೋದರಮಾವ ಹೋಳಿಗೆ ಹಾಕುತ್ತಿದ್ದ. ದೊಡ್ಡಪ್ಪ ತುಪ್ಪ ಸುರಿಯುತ್ತಿದ್ದ. ವಿಡಿಯೋದವನು ಎಲೆಗೆ ಅಡ್ಡ ಕೈ ಇಟ್ಟ. ಕೈಯ ಮೇಲೆಯೇ ಬಡಿಸಿದರು.

"ಸಾಕ್ರಿ ಅಪ್ಪಾರ, ಆಗಂಗಿಲ್ಲ!"

"ಸಿಟ್ಟಾದ್ರೇನ್ರಿ? ಇನ್ನೊಂದು ಹಾಕೋ!"

ಸೋದರಮಾವ ಮಗಳನ್ನು ಹಂದರಕ್ಕೆ ಕರೆತಂದ. ಲೈನ್‌ಮನ್ ಹೆಂಡತಿ ಅಣ್ಣನನ್ನೇ ನೋಡುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎಲ್ಲ ಸುಸೂತ್ರವಾಯಿತು.

ಎರಡು ವಾರದ ಮೇಲೆ ಲೈನ್‌ಮನ್ ಪೆನ್‌ಡ್ರೈವ್ ತಂದ, ಡಿವಿಡಿ ಮಾಡಿಕೊಡಿ ಎಂದ. ಹಾಕಿ ನೋಡಿದೆ. ಬೆಳಗಿನ ರಂಗೋಲಿ ಇತ್ತು, ಬೀಗರು ಬಂದದ್ದು ಇತ್ತು. ಆಮೇಲೆ ನಲವತ್ತು ನಿಮಿಷ ಹಂದರದ ಒಂದು ಫ್ಯಾನು ತಿರುಗುತ್ತಿತ್ತು. ಹಿಂದೆ ಬ್ಯಾಂಡಿನವರ ಸದ್ದು, ಮಂತ್ರದ ಸದ್ದು. ಅದೆಲ್ಲವನ್ನೂ ಮೀರಿ ಕ್ಯಾಮೆರಾದ ತೀರ ಹತ್ತಿರದಿಂದ ಒಂದು ಗೊರಕೆ.

"ಏನ್ರಿ ಇದು? ಅಕ್ಕಿಕಾಳ ಇಲ್ಲಲ್ಲ!" ಎಂದೆ.

ಲೈನ್‌ಮನ್ ಮುಖದಲ್ಲಿ ಸಂಪೂರ್ಣ ತೃಪ್ತಿಯಿತ್ತು.

"ಈ ಸಲ ಎದ್ದು ಹೋಗೂದು ಇರ್ಲಿ ಸರ, ಆತಗ ಏಳಾಕ ಆಗ್ಲಿಲ್ಲ."